ಅಭಿಮಾನಿಯೂ ಪ್ರೇಕ್ಷಕನೂ

ಪಂದ್ಯದಲ್ಲಿ ಮಧ್ಯಸ್ಥನು ಕೊಟ್ಟ ತೀರ್ಪು ತಪ್ಪೆಂದು ತೋರಿದಾಗ ನೋಡುತ್ತ ಕುಳಿತವನು ಏನು ಮಾಡಬೇಕು? ಆಡಿದವನಿಗೆ ನಿಯಮಾನುಸಾರವಾಗಿ ಆಕ್ಷೇಪ ಹೇಳುವ ದಾರಿಯಾದರೂ ಉಂಟು. ನೋಡುವವನಿಗೆ ಅದೂ ಇಲ್ಲ. ಅವನು ವಾದಿಯಲ್ಲ, ಪ್ರತಿವಾದಿಯಲ್ಲ, ತೀರ್ಪು ಹೇಳುವ ಸಭ್ಯನೂ ಅಲ್ಲ. ಆದರೆ ಕೂಗುವುದರಲ್ಲಿ ಮೂವರಿಗಿಂತಲೂ ಮುಂದು. ಆ ಕೂಗಿಗೆ ಧರ್ಮದ ಆಧಾರವೇನಾದರೂ ಉಂಟೋ, ಅಥವಾ ಅದು ಬರಿಯ ಗದ್ದಲವೋ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಮಾಡಬೇಕೆಂದಿದ್ದೇನೆ. ಆಟದ ಮಾತನ್ನು ಇಷ್ಟು ಗಂಭೀರವಾಗಿ ಎತ್ತಿಕೊಳ್ಳಬೇಕೆ ಎಂದು ಕೆಲವು ವಾಚಕರು ಕೇಳಬಹುದು. ನಮ್ಮ ಸೀಮೆಯ ತರುಣರು ತಮ್ಮ ಸಿಟ್ಟನ್ನೂ ಸಂತೋಷವನ್ನೂ ಹೆಚ್ಚಾಗಿ ಎಲ್ಲಿ ವೆಚ್ಚಮಾಡುತ್ತಿರುವರೆಂಬುದನ್ನು ನೋಡಿದವರು ಹಾಗೆ ಕೇಳಲಾರರು.

2023ನೆಯ ಇಸವಿ ಮಾರ್ಚ್ 3ರ ರಾತ್ರಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ಒಂದು ಕಾಲ್ಚೆಂಡಿನ ಪಂದ್ಯ ನಡೆಯಿತು. ಬೆಂಗಳೂರು ಎಫ್.ಸಿ. ಒಂದು ಕಡೆ, ಕೇರಳ ಬ್ಲಾಸ್ಟರ್ಸ್ ಇನ್ನೊಂದು ಕಡೆ. ಸೋತವರಿಗೆ ಆ ವರ್ಷದ ಆಟ ಅಂದಿಗೇ ಮುಗಿಯುವಂತಹ ಪಂದ್ಯ. ನಿಯತವಾದ ತೊಂಬತ್ತು ನಿಮಿಷಗಳಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ಹೆಚ್ಚುವರಿ ಅವಧಿ ಮೊದಲಾಗಿ ಕೆಲವೇ ನಿಮಿಷಗಳಾಗಿರಲು ಬೆಂಗಳೂರಿಗೆ ಗೋಲಿನ ಸಮೀಪದಲ್ಲಿ ಒಂದು ಫ್ರೀ ಕಿಕ್ ದೊರೆಯಿತು. ಕೇರಳದವರು ಚೆಂಡನ್ನು ತಡೆಯುವುದಕ್ಕಾಗಿ ಗೋಡೆಯಂತೆ ಸಾಲುಗಟ್ಟಿ ನಿಲ್ಲುವ ಸಿದ್ಧತೆಯಲ್ಲಿದ್ದರು. ಅಷ್ಟರಲ್ಲಿ ಸುನಿಲ್ ಛೇತ್ರಿಯವರು ಸೀಟಿಗೆ ಕಾಯದೆ ಚೆಂಡನ್ನು ಬಲೆಗೆ ಸೇರಿಸಿಬಿಟ್ಟರು. ರೆಫರಿ ಕ್ರಿಸ್ಟಲ್ ಜಾನ್ ಅದನ್ನು ಗೋಲೆಂದು ಸಾರಿದರು. ತನಗೆ ಸೀಟಿಯೂ ಬೇಡ, ಗೋಡೆಯೂ ಬೇಡವೆಂದು ರೆಫರಿಗೆ ಮೊದಲೇ ತಿಳಿಸಿದ್ದುದಾಗಿ ಛೇತ್ರಿಯವರು ಆಮೇಲೆ ಹೇಳಿದರು. ಕೇರಳದ ತರಬೇತುದಾರ ಇವಾನ್ ವುಕೊಮಾನೊವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಕ್ಕೆ ಕರೆದುಕೊಂಡರು, ಅವರು ಮರಳಲಿಲ್ಲ, ಪಂದ್ಯ ಬೆಂಗಳೂರಿಗೆ ಸಂದಿತು. ಮರುಪಂದ್ಯವಾಗಬೇಕೆಂಬ ಕೋರಿಕೆಯನ್ನು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಶಿಸ್ತು ಸಮಿತಿಯವರು ಒಪ್ಪಲಿಲ್ಲ. ಆ ತಿಂಗಳ ಕೊನೆಯಲ್ಲಿ ಕೇರಳದ ಪಕ್ಷಕ್ಕೆ 4 ಕೋಟಿ ರೂಪಾಯಿ ದಂಡವನ್ನೂ ತರಬೇತುದಾರರಿಗೆ 10 ಪಂದ್ಯಗಳ ನಿಷೇಧವನ್ನೂ ವಿಧಿಸಿದರು. ಆದರೆ ಆತ ಕೊಚ್ಚಿಯಲ್ಲಿ ವಿಮಾನದಿಂದಿಳಿದಾಗ ಅಭಿಮಾನಿಗಳು ಗೆದ್ದುಬಂದ ವೀರನನ್ನು ಎದುರುಗೊಳ್ಳುವಂತೆ ಎದುರುಗೊಂಡಿದ್ದರು.

ಆಟದ ನಿಯಮವೇನೋ ಫ್ರೀ ಕಿಕ್ಕನ್ನು ಕೂಡಲೆ ಹೊಡೆಯುವುದಕ್ಕೆ ಅವಕಾಶ ಕೊಡುತ್ತದೆ. ರೆಫರಿ ತಡೆದು ನಿಲ್ಲಿಸಿದ್ದರೆ ಮಾತ್ರ ಸೀಟಿಗೆ ಕಾಯಬೇಕು. ಆದಕಾರಣ ವಿವಾದವೆಲ್ಲ ಒಂದು ಸಣ್ಣ ಸಂಗತಿಯ ಮೇಲೆ ನಿಂತಿತ್ತು: ಆತ ತಡೆದಿದ್ದರೋ ಇಲ್ಲವೋ. ಜನ ಕೂಗಿದ್ದು ಆ ಸಂಗತಿಯನ್ನು ಕುರಿತಲ್ಲ. ವೈಟ್‌ಫೀಲ್ಡಿನ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿಯೂ ಪೀಣ್ಯದ ಕಾರ್ಖಾನೆಗಳಲ್ಲಿಯೂ ಕನ್ನಡಿಗರೂ ಮಲಯಾಳಿಗಳೂ ಪಕ್ಕಪಕ್ಕದಲ್ಲಿ ಕುಳಿತು ದುಡಿಯುವವರು, ಒಂದೇ ಡಬ್ಬಿಯಿಂದ ಊಟ ಹಂಚಿಕೊಳ್ಳುವವರು. ಮಾರನೆಯ ದಿನ ಒಬ್ಬನಿಗೆ ಅದು ಮೋಸ, ಮತ್ತೊಬ್ಬನಿಗೆ ಅದು ಜಾಣತನ. ಪೀಣ್ಯದ ಒಂದೇ ಯಂತ್ರಶಾಲೆಯಲ್ಲಿ ಕೆಲಸಮಾಡುವ ಇಬ್ಬರನ್ನು ನಾನು ಬಲ್ಲೆ. ಒಬ್ಬ ಪಾಲಕ್ಕಾಡಿನವನು, ಇನ್ನೊಬ್ಬ ಕೋಲಾರದವನು, ನನ್ನ ಹಳೆಯ ಶಿಷ್ಯ. ಇಬ್ಬರಿಗೂ ವಾರಗಟ್ಟಲೆ ಮಾತಿಲ್ಲ. “ಅದೇ ಚೆಂಡನ್ನು ಕೇರಳದ ಲೂನಾ ಹೊಡೆದಿದ್ದರೆ ಏನು ಹೇಳುತ್ತಿದ್ದೆ?” ಎಂದು ನನ್ನ ಶಿಷ್ಯನನ್ನು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆವಾಗ ರೂಲ್ಸು ಏನೂಂತ ನೋಡೋಕೇ ಹೋಗ್ತಿರಲಿಲ್ಲ, ಮೇಷ್ಟ್ರೆ” ಎಂದನು. ಇಷ್ಟು ನಿಷ್ಕಪಟವಾದ ಉತ್ತರ ಪಂಡಿತಸಭೆಗಳಲ್ಲಿಯೂ ಅಪರೂಪ.

ಕನ್ನಡದಲ್ಲಿ ನಾವು ಇಂತಹವರನ್ನು ಅಭಿಮಾನಿಗಳೆನ್ನುತ್ತೇವೆ. ಈ ಶಬ್ದವನ್ನು ಬಳಕೆಗೆ ತಂದವರು ಯಾರೋ ತಿಳಿಯದು. ತಿಳಿದೇ ತಂದರೋ ತಿಳಿಯದೆ ತಂದರೋ, ಬಹಳ ಸರಿಯಾದ ಶಬ್ದ. ಸಾಂಖ್ಯರು ಅಭಿಮಾನವನ್ನು ಅಹಂಕಾರದ ವ್ಯಾಪಾರವೆಂದು ಹೇಳುತ್ತಾರೆ. ತಾನಲ್ಲದ್ದನ್ನು ತಾನೆಂದೂ ತನ್ನದಲ್ಲದ್ದನ್ನು ತನ್ನದೆಂದೂ ಭಾವಿಸುವುದು ಅದರ ಲಕ್ಷಣ. ಹನ್ನೊಂದು ಜನ ಓಡಿ ಬೆವರಿ ಗೆದ್ದರೆ, ಮನೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದವನು “ನಾವು ಗೆದ್ದೆವು” ಎನ್ನುತ್ತಾನಲ್ಲ, ಅದಕ್ಕಿಂತ ಒಳ್ಳೆಯ ಉದಾಹರಣೆ ಪಾಠಶಾಲೆಯಲ್ಲಿ ನಮಗೆ ಸಿಕ್ಕಿರಲಿಲ್ಲ. ಪ್ರೇಕ್ಷಕನೆಂಬ ಶಬ್ದ ಬೇರೆ. ಅವನು ಚೆನ್ನಾಗಿ ನೋಡತಕ್ಕವನು, ಅಷ್ಟೆ. ಒಬ್ಬನೇ ಮನುಷ್ಯನು ಟಿಕೆಟ್ಟು ಕೊಂಡು ಒಳಗೆ ಹೋಗುವಾಗ ಇಬ್ಬರಾಗಿ ಹೋಗುತ್ತಾನೆ. ತೀರ್ಪು ತಪ್ಪೆಂದು ಅವನು ಕೂಗಿದಾಗ ಕೂಗಿದವನು ಅಭಿಮಾನಿಯೋ ಪ್ರೇಕ್ಷಕನೋ ಎಂಬುದೇ ನನ್ನ ಪ್ರಶ್ನೆ. ಅಭಿಮಾನಿಯಾದರೆ ಅವನ ಮಾತು ತೀರ್ಪನ್ನು ಕುರಿತಾದುದಲ್ಲ, ತನ್ನನ್ನು ಕುರಿತಾದುದು. ಪ್ರೇಕ್ಷಕನಾದರೆ ಅವನು ಸಾಕ್ಷಿ. ಸಾಕ್ಷಿಯ ಮಾತನ್ನು ಕೇಳಬೇಕಾಗುತ್ತದೆ. ಎದುರು ಪಕ್ಷದವನಿಗಾದ ಅನ್ಯಾಯಕ್ಕೂ ಕೂಗುತ್ತಿದ್ದನೆ ಎಂದು ನೋಡಿದರೆ ಎರಡಕ್ಕೂ ಇರುವ ಭೇದ ಸಿಕ್ಕಿಬೀಳುತ್ತದೆ.

ಹಾಗೆ ಕೂಗುವವರು ಉಂಟೆ ಎಂದರೆ, ಉಂಟು. ಅಂಗಸಾಧನೆಯ ಸ್ಪರ್ಧೆಗಳಲ್ಲಿ, ಎಂದರೆ ಜಿಮ್ನಾಸ್ಟಿಕ್ಸಿನಲ್ಲಿ, ಈ ಪ್ರಶ್ನೆ ಇನ್ನೂ ತೀಕ್ಷ್ಣ. ಅಲ್ಲಿ ಗೋಲಿಲ್ಲ, ಮುಟ್ಟಬೇಕಾದ ಗೆರೆಯಿಲ್ಲ, ಪಂಚರು ಕೊಟ್ಟ ಅಂಕವೇ ಫಲ. 2004ನೆಯ ಇಸವಿ ಆಗಸ್ಟ್ 23ರಂದು ಅಥೆನ್ಸಿನ ಒಲಿಂಪಿಕ್ಸಿನಲ್ಲಿ, ಹೈಬಾರ್ ಎಂಬ ಎತ್ತರದ ಅಡ್ಡಕಂಬಿಯ ಅಂತಿಮ ಸ್ಪರ್ಧೆ. ರಷ್ಯದ ಅಲೆಕ್ಸೈ ನೆಮೊವ್ ಕಂಬಿಯನ್ನು ಕೈಬಿಟ್ಟು ಗಾಳಿಯಲ್ಲಿ ಹಾರಿ ಮತ್ತೆ ಹಿಡಿಯುವ ಸಾಹಸವನ್ನು ಆರು ಸಲ ಮಾಡಿದರು. ಇಳಿದು ನಿಲ್ಲುವಾಗ ಮಾತ್ರ ಕಾಲು ಕದಲಿತು. ಪಂಚರು 9.725 ಕೊಟ್ಟರು. ಸಭೆ ಎದ್ದು ನಿಂತು ಧಿಕ್ಕರಿಸತೊಡಗಿತು. ಅವರೆಲ್ಲ ರಷ್ಯದವರಲ್ಲ, ಅನೇಕ ದೇಶಗಳಿಂದ ಬಂದವರು, ನೆಮೊವ್ ಗೆದ್ದರೆ ಸೋತರೆ ಅವರಿಗೆ ಆಗತಕ್ಕದ್ದೇನೂ ಇಲ್ಲ. ಹಲವು ನಿಮಿಷಗಳವರೆಗೆ ಆ ಗದ್ದಲ ನಿಲ್ಲಲಿಲ್ಲ. ಕಡೆಗೆ ಪಂಚರಲ್ಲಿ ಇಬ್ಬರು ತಮ್ಮ ಅಂಕಗಳನ್ನು ತಿದ್ದಿ, ಮೊತ್ತ 9.762 ಆಯಿತು. ಜನ ಅದಕ್ಕೂ ಸುಮ್ಮನಾಗಲಿಲ್ಲ. ಆಗ ನೆಮೊವ್ ತಾವೇ ವೇದಿಕೆಯನ್ನೇರಿ, ವಂದಿಸಿ, ಶಾಂತರಾಗಿರೆಂದು ಕೈಯಿಂದ ಸನ್ನೆಮಾಡಿದರು. ಅವರಿಗೆ ದೊರೆತದ್ದು ಐದನೆಯ ಸ್ಥಾನ.

ಈ ಕೂಗು ಪ್ರೇಕ್ಷಕರ ಕೂಗೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೂ ಅದನ್ನು ಹೊಗಳಿ ಕೈಬಿಡುವಂತಿಲ್ಲ. ಮುಂದಿನ ಸರದಿ ಅಮೆರಿಕದ ಪಾಲ್ ಹ್ಯಾಮ್ ಅವರದು. ಕೈಗೆ ಸುಣ್ಣದ ಪುಡಿ ಹಚ್ಚಿಕೊಂಡು ಅವರು ಆ ಕೋಲಾಹಲದ ನಡುವೆ ಕಾದು ನಿಂತಿದ್ದರು. ನೆಮೊವ್‌ಗೆ ಅನ್ಯಾಯವಾಯಿತೆಂದು ಮರುಗಿದ ಅಷ್ಟು ಸಾವಿರ ಜನರಲ್ಲಿ, ಕಾಯುತ್ತಿದ್ದ ಈ ಮನುಷ್ಯನ ಮೈ ಆರಿಹೋಗುತ್ತಿದೆಯೆಂದು ಎಷ್ಟು ಜನ ಯೋಚಿಸಿದರೋ! ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. ಕೂಗಿದರೆ ಅಂಕ ಏರುವುದಾದರೆ, ಹೆಚ್ಚು ಜನ ಇರುವ ಕಡೆಗೆ ಹೆಚ್ಚು ಅಂಕ. ಪಂಚರು ತಪ್ಪುಮಾಡಿದ್ದರೆ ತಿದ್ದಿಕೊಳ್ಳಲಿ. ಆದರೆ ಸದ್ದಿಗೆ ಹೆದರಿ ತಿದ್ದಿದ ಅಂಕದಲ್ಲಿ ಮೊದಲಿನ ಅಂಕದಲ್ಲಿದ್ದಷ್ಟು ನಂಬಿಕೆಯೂ ಉಳಿಯದು.

ಬಹುಕಾಲ ಉತ್ತರಪತ್ರಿಕೆಗಳನ್ನು ತಿದ್ದಿದವನಾದ್ದರಿಂದ ಇಲ್ಲಿ ಒಂದು ಭೇದವನ್ನು ಹೇಳಬಯಸುತ್ತೇನೆ. ಪರೀಕ್ಷೆಗಳಲ್ಲಿ ಮರುಎಣಿಕೆ ಬೇರೆ, ಮರುಮೌಲ್ಯಮಾಪನ ಬೇರೆ. ಕೂಡಿಸುವುದರಲ್ಲಿ ತಪ್ಪಿದ್ದರೆ ಅದನ್ನು ಯಾರು ಬೇಕಾದರೂ ತೋರಿಸಬಹುದು, ತೋರಿಸಲೇಬೇಕು. ಪೀಣ್ಯದ ಯಂತ್ರಶಾಲೆಯ ಗೇಜಿನಂತೆ ಅದು: ಬಿಡಿಭಾಗ ಗೇಜಿಗೆ ಹೊಂದಿದರೆ ಪಾಸು, ಹೊಂದದಿದ್ದರೆ ರಿಜೆಕ್ಟು, ಮೇಲಿನವನ ಮುಖ ನೋಡಬೇಕಾದ್ದಿಲ್ಲ. ಉತ್ತರದ ಗುಣಕ್ಕೆ ಏಳು ಅಂಕವೋ ಎಂಟೋ ಎಂಬುದು ಗೇಜಿನ ಮಾತಲ್ಲ. ಅಥೆನ್ಸಿನಲ್ಲಿಯೇ, ನೆಮೊವ್ ಪ್ರಸಂಗಕ್ಕೆ ಐದು ದಿನ ಮೊದಲು, ಮೊದಲನೆಯ ಜಾತಿಯ ತಪ್ಪು ನಡೆದಿತ್ತು. ದಕ್ಷಿಣ ಕೊರಿಯದ ಯಾಂಗ್ ತೇ-ಯಂಗ್ ಎಂಬವರ ಒಂದು ಸಾಧನೆಗೆ ಇರಬೇಕಾದ ಆರಂಭದ ಮೌಲ್ಯ 10, ಪಂಚರು 9.9 ಎಂದು ಹಿಡಿದರು. ಆ ಒಂದು ದಶಮಾಂಶದಿಂದ ಅವರಿಗೆ ಕಂಚು ಬಂದು ಚಿನ್ನ ಪಾಲ್ ಹ್ಯಾಮ್ ಅವರಿಗೆ ಹೋಯಿತು. ಮೂವರು ಪಂಚರನ್ನು ಅಮಾನತಿನಲ್ಲಿಟ್ಟರು. ಆಕ್ಷೇಪ ಸಕಾಲದಲ್ಲಿ ಬರಲಿಲ್ಲವೆಂದು ಪದಕ ಮಾತ್ರ ಕೈಬದಲಾಗಲಿಲ್ಲ. ಈ ತಪ್ಪಿಗೆ ಅಂದು ಸಭೆಯಲ್ಲಿ ಯಾರೂ ಕೂಗಲಿಲ್ಲ. ಕಣ್ಣಿಗೆ ಕಾಣುವ ತಪ್ಪಲ್ಲವಷ್ಟೆ. 2006ರಿಂದ ಹತ್ತಕ್ಕೆ ಹತ್ತೆಂಬ ಹಳೆಯ ಕ್ರಮವನ್ನೇ ಬಿಟ್ಟು, ಸಾಧನೆಯ ಕಾಠಿಣ್ಯಕ್ಕೆ ಒಂದು ಅಂಕ, ಮಾಡಿದ ರೀತಿಗೆ ಇನ್ನೊಂದು ಅಂಕ ಎಂದು ವಿಂಗಡಿಸಿದರು. ಮೊದಲನೆಯದರ ಮೇಲೆ ಆಕ್ಷೇಪ ಸಲ್ಲುತ್ತದೆ, ಎರಡನೆಯದರ ಮೇಲೆ ಸಲ್ಲುವುದಿಲ್ಲ.

ನಮ್ಮ ಧರ್ಮಶಾಸ್ತ್ರಕಾರರಿಗೆ ಇದು ಹೊಸ ಮಾತಲ್ಲ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದ ಕೊನೆಯಲ್ಲಿ ಎರಡು ವಿಧಿಗಳು ಒಂದರ ಪಕ್ಕದಲ್ಲೊಂದು ಬರುತ್ತವೆ. ತಪ್ಪಾಗಿ ತೀರ್ಮಾನವಾದ ವ್ಯವಹಾರವನ್ನು ರಾಜನು ಪುನಃ ವಿಚಾರಿಸಿ, ಸಭ್ಯರಿಗೂ ಗೆದ್ದವನಿಗೂ ಇಮ್ಮಡಿ ದಂಡ ಹಾಕಬೇಕೆಂದು ಒಂದು. ನ್ಯಾಯವಾಗಿ ಸೋತವನು ತಾನು ಸೋಲಲಿಲ್ಲವೆಂದು ಹಟಹಿಡಿದು ಬಂದರೆ, ಅವನನ್ನು ಮತ್ತೆ ಸೋಲಿಸಿ ಅವನಿಗೂ ಇಮ್ಮಡಿ ದಂಡ ಹಾಕಬೇಕೆಂದು ಇನ್ನೊಂದು. ತೀರ್ಪು ತಪ್ಪಬಹುದೆಂಬುದನ್ನೂ ಸೋತವನ ಕಣ್ಣಿಗೆ ಎಲ್ಲ ತೀರ್ಪೂ ತಪ್ಪಾಗಿಯೇ ಕಾಣುವುದೆಂಬುದನ್ನೂ ಒಂದೇ ಉಸಿರಿನಲ್ಲಿ ಹೇಳಿದ ಆ ಋಷಿಯು ಲೋಕವನ್ನು ಬಲ್ಲವನು. ಆದರೆ ಗೆದ್ದವನಿಗೂ ದಂಡವೆಂಬುದನ್ನು ಆಟಕ್ಕೆ ಅನ್ವಯಿಸಲಾಗದು. ನ್ಯಾಯಸ್ಥಾನದಲ್ಲಿ ಗೆದ್ದವನು ಸುಳ್ಳು ಹೇಳಿ ಗೆದ್ದಿರಬಹುದು; ಕಂಬಿಯ ಮೇಲೆ ತಿರುಗಿದವನು ಯಾರಿಗೂ ಸುಳ್ಳು ಹೇಳಿಲ್ಲ. ನಮ್ಮ ಕಾಲದ ಅಭಿಮಾನಿಗಳು ಮರೆಯುವುದು ಇದನ್ನೇ. 2024ರ ಆಗಸ್ಟ್ 5ರಂದು ಪ್ಯಾರಿಸಿನಲ್ಲಿ ಅಮೆರಿಕದ ಜೋರ್ಡನ್ ಚೈಲ್ಸ್ ಎಂಬಾಕೆಯ 13.666 ಅಂಕ, ತರಬೇತುದಾರರ ಆಕ್ಷೇಪದಿಂದ 13.766 ಆಗಿ, 13.700 ಪಡೆದು ಕಂಚು ತನ್ನದೆಂದು ನಲಿಯುತ್ತಿದ್ದ ರುಮೇನಿಯದ ಆನಾ ಬರ್ಬೋಸು ಕೆಳಕ್ಕಿಳಿದಳು. ಐದು ದಿನಗಳಾದ ಮೇಲೆ ಕ್ರೀಡಾನ್ಯಾಯಮಂಡಲಿಯವರು, ಆಕ್ಷೇಪ ಒಂದು ನಿಮಿಷದೊಳಗೆ ಬರಬೇಕಾಗಿತ್ತು, ನಾಲ್ಕು ಸೆಕೆಂಡು ತಡವಾಯಿತೆಂದು ಹೇಳಿ ಹಳೆಯ ಅಂಕವನ್ನೇ ನಿಲ್ಲಿಸಿದರು. ಗಡಿಯಾರ ನೋಡಬೇಕಾದವರು ಈ ಹುಡುಗಿಯರಲ್ಲ. ಆದರೂ ಬೈಗಳು ಸುರಿದದ್ದು ಅವರ ಮೇಲೆ. ಚೈಲ್ಸ್‌ಳ ಮೈಬಣ್ಣವನ್ನೂ ಬಿಡಲಿಲ್ಲ. ಕಂಠೀರವದ ರಾತ್ರಿಯ ನಂತರ ಛೇತ್ರಿಯವರಿಗೂ ಇದೇ ಗತಿಯಾಯಿತು.

ಜನರಿಗೆ ಇಷ್ಟೊಂದು ಕೋಪ ಎಲ್ಲಿಂದ ಬರುತ್ತದೆ? ಬರಿಯ ಅಭಿಮಾನವೆಂದರೆ ಸಾಲದು. ಎಲೆಕ್ಟ್ರಾನಿಕ್ ಸಿಟಿಯ ತರುಣನ ಮೇಲೆ ವರ್ಷಕ್ಕೊಮ್ಮೆ ಅಪ್ರೈಸಲ್ ಎಂಬ ತೀರ್ಪು ಇಳಿಯುತ್ತದೆ. ಅವನ ಹನ್ನೆರಡು ತಿಂಗಳ ದುಡಿಮೆಗೆ ಯಾರೋ ಒಂದು ಅಂಕ ಹಾಕುತ್ತಾರೆ. ಎಷ್ಟು ಜನರಿಗೆ ಮೇಲಿನ ಅಂಕ ಕೊಡಬಹುದೆಂದು ಮೊದಲೇ ಗೊತ್ತುಮಾಡಿರುವ ಕಂಪೆನಿಗಳೂ ಉಂಟು. ಅಂತಹ ಕಡೆ ಒಬ್ಬನು ಏರಬೇಕಾದರೆ ಇನ್ನೊಬ್ಬನು ಇಳಿಯಲೇಬೇಕು. ಕಾರಣ ಕೇಳಿದರೆ ಸವಿಯಾದ ನಾಲ್ಕು ಮಾತು ಸಿಗುತ್ತದೆ, ಕಾರಣ ಸಿಗುವುದಿಲ್ಲ. ಅಲ್ಲಿ ಅವನು ಎದ್ದು ನಿಂತು ಧಿಕ್ಕರಿಸಲಾರ. ಮನೆಯ ಸಾಲದ ಕಂತು ನೆನಪಿಗೆ ಬರುತ್ತದೆ. ರಾತ್ರಿ ಪರದೆಯ ಮೇಲೆ ಯಾರೋ ಅಪರಿಚಿತನಿಗೆ ಒಂದು ದಶಮಾಂಶ ಕಡಮೆಯಾದಾಗ ಅವನು ಅರಚುವುದನ್ನು ನೋಡಿ ಮನೆಯವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಆ ಕೂಗಿನಲ್ಲಿ ನ್ಯಾಯವಾದ ಒಂದು ಬೇಡಿಕೆ ಅಡಗಿದೆ: ಅಂಕ ಕೊಟ್ಟವನು ಕಾರಣ ಕೊಡಬೇಕು. ತೀರ್ಪನ್ನು ತನಗೆ ಬೇಕಾದಂತೆ ಮಾಡಿಸಿಕೊಳ್ಳುವ ಅಧಿಕಾರ ಪ್ರೇಕ್ಷಕನಿಗಿಲ್ಲ; ಅದರ ಆಧಾರವನ್ನು ತಿಳಿಯುವ ಅಧಿಕಾರ ಇದೆಯೆಂದೇ ನನ್ನ ಎಣಿಕೆ. ಕಂಠೀರವದಲ್ಲಿಯೂ ರೆಫರಿ ತಡೆದಿದ್ದರೋ ಇಲ್ಲವೋ ಎಂಬ ಒಂದು ಮಾತು ಅಂದೇ ಎಲ್ಲರ ಕಿವಿಗೆ ಬೀಳುವಂತೆ ಹೊರಬಿದ್ದಿದ್ದರೆ ಅರ್ಧ ಗದ್ದಲ ಅಡಗುತ್ತಿತ್ತು.

ಪಂಚರು ನಿಷ್ಪಕ್ಷಪಾತಿಗಳಾಗಿದ್ದರೆ ಸಾಕೆಂದು ಕೆಲವರು ಹೇಳುವರು. ಮಾಲವಿಕಾಗ್ನಿಮಿತ್ರವನ್ನು ಓದಿದವರು ಅಷ್ಟು ಸುಲಭವಾಗಿ ಹೇಳಲಾರರು. ಗಣದಾಸ ಹರದತ್ತರೆಂಬ ನಾಟ್ಯಾಚಾರ್ಯರಿಬ್ಬರ ಸ್ಪರ್ಧೆಗೆ, ಯಾರೂ ಸಂಶಯಪಡಬಾರದೆಂದು, ಪರಿವ್ರಾಜಿಕೆಯನ್ನು ಮಧ್ಯಸ್ಥಳನ್ನಾಗಿ ಕೂರಿಸುತ್ತಾರೆ. ಎಲ್ಲವೂ ಸಕ್ರಮ. ಆದರೆ ಸ್ಪರ್ಧೆಯನ್ನು ಹೂಡಿದ್ದೇ ರಾಜನು ಮಾಲವಿಕೆಯನ್ನು ನೋಡಲೆಂದು. ಅವಳ ನಾಟ್ಯ ಮುಗಿಯಿತು, ರಾಜನ ಕೆಲಸವೂ ಆಯಿತು. ಹರದತ್ತನು ತನ್ನ ಸರದಿ ಕೇಳುವಷ್ಟರಲ್ಲಿ ಮಧ್ಯಾಹ್ನವಾಯಿತೆಂದು ಸಭೆ ಎದ್ದುಹೋಗುತ್ತದೆ. ಆ ನಾಟಕ ನೋಡುವ ನಾವೂ ಮಾಲವಿಕೆಯ ಹಿಂದೆಯೇ ಹೋಗುತ್ತೇವೆ. ಹರದತ್ತನ ಸರದಿ ಏನಾಯಿತೆಂದು ಕೇಳಿದವರನ್ನು ನಾನು ಈವರೆಗೆ ಕಂಡಿಲ್ಲ.

ಬೆಂಗಳೂರಿನ ಕಥೆಗೆ ಇನ್ನೊಂದು ಪ್ರಕರಣವಿದೆ. ಮಾರ್ಚ್ 3ರಂದು ಗೆದ್ದ ಪಕ್ಷವೇ ಮುಂದುವರಿದು ಅದೇ ತಿಂಗಳ 18ರಂದು ಗೋವೆಯ ಫತೋರ್ಡದಲ್ಲಿ ಎ.ಟಿ.ಕೆ. ಮೋಹನ್ ಬಗಾನ್ ಎದುರು ಅಂತಿಮ ಪಂದ್ಯ ಆಡಿತು. ಆಟ 2–2ರಲ್ಲಿ ಸಮವಾಗಿ, ಪೆನಾಲ್ಟಿ ಹೊಡೆತಗಳಲ್ಲಿ 4–3ರಿಂದ ಬಗಾನ್ ಗೆದ್ದಿತು. ರೆಫರಿಯ ಕೆಲವು ತೀರ್ಪುಗಳು ತಪ್ಪೆಂದೂ ಈ ಲೀಗಿಗೆ ದೃಶ್ಯಮುದ್ರಣ ನೋಡಿ ತೀರ್ಪು ಹೇಳುವ ಏರ್ಪಾಡು ಬೇಕೇಬೇಕೆಂದೂ ಅಂದು ಬಹಿರಂಗವಾಗಿ ಒತ್ತಾಯಿಸಿದವರು ಬೆಂಗಳೂರು ಪಕ್ಷದ ಒಡೆಯರಾದ ಪಾರ್ಥ್ ಜಿಂದಾಲ್. ಕೇಳಿದ್ದು ಸರಿಯಾಗಿಯೇ ಇತ್ತು. ಹದಿನೈದು ದಿನಗಳ ಹಿಂದೆ ಕೇಳಿದ್ದರೆ ಪಾಲಕ್ಕಾಡಿನ ಹುಡುಗನೂ ಕೈ ಎತ್ತುತ್ತಿದ್ದನು.