ಆಟದಲ್ಲಿ ಸಂಧಿ, ಮನದಲ್ಲಿ ಶುದ್ಧಿ

ಸ್ಪರ್ಧೆಯಿಲ್ಲದ ಜೀವನವಿಲ್ಲ. ವ್ಯಾಪಾರದಲ್ಲಿ ಸ್ಪರ್ಧೆಯಿದೆ, ವಿದ್ಯೆಯಲ್ಲಿ ಸ್ಪರ್ಧೆಯಿದೆ, ಆಟಕ್ಕಂತೂ ಸ್ಪರ್ಧೆಯೇ ಪ್ರಾಣ. ಆದರೆ ಸ್ಪರ್ಧೆಗೆ ಇಳಿದವನು ಗೆಲುವನ್ನು ಎಲ್ಲಿಯವರೆಗೆ ಬೆನ್ನಟ್ಟಬೇಕು, ಎಲ್ಲಿ ನಿಲ್ಲಬೇಕು, ಎದುರಾಳಿಯನ್ನು ಯಾವ ಭಾವದಿಂದ ಕಾಣಬೇಕು ಎಂಬುದು ಆಟದ ನಿಯಮಗಳಿಗಷ್ಟೇ ಸೇರಿದ ಪ್ರಶ್ನೆಯಲ್ಲ. ಅದು ಧರ್ಮದ ಪ್ರಶ್ನೆಯೂ ಹೌದು. ಕನ್ನಡ, ಮರಾಠಿ, ಗುಜರಾತಿ, ಮಾರವಾಡಿ, ಕೊಂಕಣಿ, ಹೀಗೆ ಮನೆಯಲ್ಲಿ ಯಾವ ಭಾಷೆಯನ್ನಾಡಿದರೂ ಜಿನಮಂದಿರದಲ್ಲಿ ಒಂದಾಗುವ ಶ್ರಾವಕ ಕುಟುಂಬಗಳೆಲ್ಲವೂ ಇಂದು ಈ ಪ್ರಶ್ನೆಯನ್ನು ವಿಚಾರ ಮಾಡುವುದು ಅಗತ್ಯವಾಗಿದೆ. ಏಕೆಂದರೆ ಸ್ಪರ್ಧೆಯು ಈಗ ಮೈದಾನವನ್ನು ಬಿಟ್ಟು ಮಕ್ಕಳ ಅಂಗೈಯಲ್ಲಿರುವ ಮೊಬೈಲಿಗೆ ಬಂದಿದೆ.

ಗೋವೆಗೆ ಚದುರಂಗವು ಹೊಸದಲ್ಲ. ಭಕ್ತಿ ಕುಲಕರ್ಣಿ, ಅನುರಾಗ್ ಮ್ಹಾಮಲ್, ಲಿಯಾನ್ ಮೆಂಡೋನ್ಸಾ ಮುಂತಾದವರು ಈ ಪುಟ್ಟ ರಾಜ್ಯದ ಹೆಸರನ್ನು ಜಗತ್ತಿಗೆ ತಿಳಿಸಿದ್ದಾರೆ. ಲಿಯಾನ್ 2020ರಲ್ಲಿ ಕೊರೋನಾ ನಿರ್ಬಂಧದಿಂದ ಯುರೋಪಿನಲ್ಲೇ ಉಳಿಯಬೇಕಾಗಿ ಬಂದಾಗಲೂ ಆಟವನ್ನು ಬಿಡದೆ, 14ನೆಯ ವಯಸ್ಸಿನಲ್ಲಿ ಗ್ರ್ಯಾಂಡ್‌ಮಾಸ್ಟರ್ ಪದವಿಗೆ ಬೇಕಾದ ಅರ್ಹತೆಯನ್ನು ಗಳಿಸಿದನು. 2025ರ ನವೆಂಬರಿನಲ್ಲಿ ವಿಶ್ವಕಪ್ ಚದುರಂಗ ಪಂದ್ಯಾವಳಿಯು ಗೋವೆಯಲ್ಲಿಯೇ ಜರುಗಿತು. ವಿಶ್ವನಾಥನ್ ಆನಂದ್ ಅವರ ಹೆಸರನ್ನು ಹೊತ್ತ ಆ ಕಪ್ಪನ್ನು ಉಜ್ಬೇಕಿಸ್ತಾನದ 19 ವರ್ಷದ ಜಾವೊಖಿರ್ ಸಿಂದರೊವ್ ಪಡೆದನು. ಚೀನಾದ ವೇಯಿ ಯಿ ಎದುರಿನ ಅಂತಿಮ ಹಣಾಹಣಿಯಲ್ಲಿ ಎರಡು ದೀರ್ಘ ಆಟಗಳೂ ಡ್ರಾ ಆಗಿ, ನಿರ್ಣಯವು ವೇಗದ ಆಟಗಳಿಗೆ ಹೋಯಿತು.

ಡ್ರಾ ಎಂದರೆ ಸೋಲೂ ಅಲ್ಲ, ಗೆಲುವೂ ಅಲ್ಲ. ಇಬ್ಬರಿಗೂ ತಲಾ ಅರ್ಧ ಅಂಕ. ಆಟಗಾರನೊಬ್ಬನು ಡ್ರಾ ಕೇಳುವುದಕ್ಕೆ ಅಂತರರಾಷ್ಟ್ರೀಯ ನಿಯಮವು ಒಂದು ಕ್ರಮವನ್ನು ವಿಧಿಸಿದೆ. ಅವನು ಮೊದಲು ತನ್ನ ನಡೆಯನ್ನು ಮಣೆಯ ಮೇಲೆ ಇಡಬೇಕು; ಅನಂತರ, ಗಡಿಯಾರವನ್ನು ಒತ್ತುವ ಮುನ್ನ, ಡ್ರಾ ಕೇಳಬೇಕು. ಒಮ್ಮೆ ಕೇಳಿದ ಮಾತನ್ನು ಹಿಂದೆಗೆಯುವಂತಿಲ್ಲ. ಎದುರಾಳಿಯು ಒಪ್ಪಬಹುದು, ಬಾಯಿಮಾತಿನಿಂದ ನಿರಾಕರಿಸಬಹುದು, ಅಥವಾ ನಡೆಸುವ ಉದ್ದೇಶದಿಂದ ಕಾಯನ್ನು ಮುಟ್ಟಿ ನಿರಾಕರಿಸಬಹುದು. ಅಕಾರಣವಾಗಿ ಡ್ರಾ ಕೇಳಿ ಎದುರಾಳಿಯ ಚಿತ್ತವನ್ನು ಕಲಕುವುದು ನಿಷಿದ್ಧ. ವ್ಯಾಪಾರಸ್ಥರಿಗೆ ಈ ನಿಯಮದ ಮರ್ಮವು ಸುಲಭವಾಗಿ ತಿಳಿಯುತ್ತದೆ. ಪೇಟೆಯಲ್ಲಿ ದರವನ್ನು ಹೇಳಿದ ಮೇಲೆ ಹಿಂಜರಿಯುವವನಿಗೆ ಮರ್ಯಾದೆಯಿಲ್ಲ. ಒಲ್ಲೆನೆಂದ ಗಿರಾಕಿಯನ್ನು ಹತ್ತು ಸಲ ಕಾಡುವವನಿಗೂ ಮರ್ಯಾದೆಯಿಲ್ಲ.

ಹಾಗಾದರೆ ಡ್ರಾ ಕೇಳುವುದು ಯಾವಾಗ ಸದ್ಗುಣ, ಯಾವಾಗ ದೋಷ? ಜೈನಧರ್ಮವು ಕ್ರಿಯೆಯೊಡನೆ ಭಾವವನ್ನೂ ನೋಡುತ್ತದೆ. ಒಂದೇ ಡ್ರಾ ಒಬ್ಬನಲ್ಲಿ ಸಮಭಾವದಿಂದ ಹುಟ್ಟುತ್ತದೆ, ಇನ್ನೊಬ್ಬನಲ್ಲಿ ಭಯದಿಂದ, ಮತ್ತೊಬ್ಬನಲ್ಲಿ ಕಪಟದಿಂದ. ಹೊರಗಿನ ಫಲವು ಅರ್ಧ ಅಂಕವೇ ಆದರೂ ಒಳಗೆ ಕಟ್ಟಿಕೊಳ್ಳುವ ಕರ್ಮವು ಬೇರೆ ಬೇರೆ. ಆತ್ಮವನ್ನು ಕಲುಷಿತಗೊಳಿಸುವ ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳೂ ಆನ್‌ಲೈನ್ ಚದುರಂಗದಲ್ಲಿ ದಿನನಿತ್ಯ ಕಾಣಸಿಗುತ್ತವೆ.

ಸೋಲು ಖಚಿತವಾದಾಗ ಸೋಲೊಪ್ಪದೆ, ನಡೆಯನ್ನೂ ನಡೆಸದೆ, ಗಡಿಯಾರವು ಮುಗಿಯುವವರೆಗೆ ಎದುರಾಳಿಯನ್ನು ಸುಮ್ಮನೆ ಕಾಯಿಸುವವರಿದ್ದಾರೆ. ಇದು ಕ್ರೋಧ. ಮಣೆಯ ಮೇಲೆ ಇಬ್ಬರಿಗೂ ಗೆಲ್ಲುವ ದಾರಿಯಿಲ್ಲವೆಂದು ತಿಳಿದಿದ್ದರೂ, ತನಗಿಂತ ಕಡಿಮೆ ರೇಟಿಂಗಿನವನೊಡನೆ ಸಮವಾಗುವುದು ಅವಮಾನವೆಂದು ಡ್ರಾ ನಿರಾಕರಿಸುವುದು ಮಾನ. ಎದುರಾಳಿಗೆ ಕೆಲವೇ ಸೆಕೆಂಡುಗಳು ಉಳಿದಿರುವಾಗ ಅವನ ಗಮನವನ್ನು ಕೆಡಿಸಲೆಂದೇ ಡ್ರಾ ಗುಂಡಿಯನ್ನು ಮತ್ತೆ ಮತ್ತೆ ಒತ್ತುವುದು ಮಾಯೆ. ಗಳಿಸಿದ ರೇಟಿಂಗು ಎಲ್ಲಿ ಇಳಿದೀತೋ ಎಂಬ ಆತಂಕದಿಂದ, ಆಡಬೇಕಾದ ಆಟವನ್ನು ಆಡದೆ ಅರ್ಧ ಅಂಕವನ್ನು ಬಾಚಿಕೊಂಡು ಓಡುವುದು ಲೋಭ. ದಶಲಕ್ಷಣ ಪರ್ವದಲ್ಲಿ ನಾವು ಆರಾಧಿಸುವ ಮೊದಲ ನಾಲ್ಕು ಧರ್ಮಗಳಾದ ಉತ್ತಮ ಕ್ಷಮೆ, ಮಾರ್ದವ, ಆರ್ಜವ, ಶೌಚಗಳು ಕ್ರಮವಾಗಿ ಈ ನಾಲ್ಕಕ್ಕೂ ಮದ್ದು. ಪರ್ವದಲ್ಲಿ ಕೇಳಿದ ಉಪದೇಶವು ಮೊಬೈಲನ್ನು ಹಿಡಿದ ಕ್ಷಣದಲ್ಲಿ ಮರೆತುಹೋದರೆ ಆ ಆರಾಧನೆಯ ಪ್ರಯೋಜನವೇನು?

ಮಾಯೆಯ ವಿಷಯದಲ್ಲಿ ಲೋಕವೇ ಬಲ್ಲ ಒಂದು ಪ್ರಸಂಗವಿದೆ. 2021ರ ಜೂನ್‌ನಲ್ಲಿ ಕೊರೋನಾ ಪರಿಹಾರಕ್ಕಾಗಿ ಅಕ್ಷಯಪಾತ್ರ ಸಂಸ್ಥೆಗೆ ನಿಧಿ ಕೂಡಿಸಲು ವಿಶ್ವನಾಥನ್ ಆನಂದ್ ಅವರು ಹಲವು ಗಣ್ಯರೊಡನೆ ಆನ್‌ಲೈನ್ ಆಟವಾಡಿದರು. ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಅವರು ಆ ಆಟದಲ್ಲಿ ಗೆದ್ದಾಗ ಎಲ್ಲರೂ ಬೆರಗಾದರು. ಮರುದಿನ ಅವರೇ, ಆಟವನ್ನು ವಿಶ್ಲೇಷಿಸುವವರ ಹಾಗೂ ಕಂಪ್ಯೂಟರಿನ ನೆರವನ್ನು ಪಡೆದಿದ್ದಾಗಿ ತಿಳಿಸಿ, ವಿನೋದಕ್ಕಾಗಿ ಮತ್ತು ಧರ್ಮಕಾರ್ಯಕ್ಕಾಗಿ ಆಡಿದ ಆಟವದು ಎಂದು ಹೇಳಿ, ಬಹಿರಂಗವಾಗಿ ಕ್ಷಮೆ ಕೇಳಿದರು. ತಾವು ಮಣೆಯ ಮೇಲಿನ ಸ್ಥಿತಿಯನ್ನು ನೋಡಿ ಆಡಿದುದಾಗಿಯೂ ಎಲ್ಲರಿಂದಲೂ ಅದನ್ನೇ ನಿರೀಕ್ಷಿಸಿದುದಾಗಿಯೂ ಆನಂದ್ ಅವರು ಸಂಯಮದಿಂದ ನುಡಿದು ಸುಮ್ಮನಾದರು. ಉದ್ದೇಶವು ದಾನವೇ ಆದರೂ ಸಾಧನವು ಶುದ್ಧವಾಗಿರಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ತಪ್ಪನ್ನು ಮುಚ್ಚಿಡದೆ ಹೇಳಿಕೊಂಡವನಿಗೆ ಆರ್ಜವದ ಬಾಗಿಲು ತೆರೆದೇ ಇರುತ್ತದೆಂಬುದೂ ಅಷ್ಟೇ ನಿಜ.

ಇಲ್ಲಿ ಒಂದು ಸಂದೇಹವು ಏಳಬಹುದು. ಅಹಿಂಸೆಯನ್ನು ನಂಬಿದವನು ಎದುರಾಳಿಯು ಕೇಳಿದಾಗಲೆಲ್ಲ ಡ್ರಾ ಕೊಡಬೇಕೇ? ಗೆಲ್ಲಲು ಯತ್ನಿಸುವುದೇ ಹಿಂಸೆಯೇ? ಹಾಗಲ್ಲ. 2024ರ ಡಿಸೆಂಬರಿನಲ್ಲಿ ಸಿಂಗಾಪುರದಲ್ಲಿ ನಡೆದ ವಿಶ್ವಚಾಂಪಿಯನ್ ಪಟ್ಟದ ಹದಿನಾಲ್ಕನೆಯ ಆಟವು ಡ್ರಾ ಆಗುವುದೆಂದೇ ಬಹುಜನರು ಭಾವಿಸಿದ್ದರು. 18ರ ಹರೆಯದ ಗುಕೇಶ್ ಸಣ್ಣದೊಂದು ಅನುಕೂಲವನ್ನು ಹಿಡಿದುಕೊಂಡು ತಾಳ್ಮೆಯಿಂದ ಆಡಿದನು. ಡಿಂಗ್ ಲಿರೆನ್ 55ನೆಯ ನಡೆಯಲ್ಲಿ ಎಡವಿದನು. ಗುಕೇಶ್ ಏಳೂವರೆಗೆ ಆರೂವರೆ ಅಂಕಗಳಿಂದ ಜಗಜ್ಜೇತನಾದನು. ಇದರಲ್ಲಿ ದೋಷವೇನೂ ಇಲ್ಲ. ಎದುರಾಳಿಯ ಬುದ್ಧಿಯನ್ನು ಗೌರವಿಸಿ ಶಕ್ತಿ ಮೀರಿ ಆಡುವುದೇ ಅವನಿಗೆ ಸಲ್ಲಿಸುವ ಆದರ. ಕನಿಕರದಿಂದ ಸುಮ್ಮನೆ ಅರ್ಧ ಅಂಕವನ್ನು ಬಿಟ್ಟುಕೊಟ್ಟರೆ ಅದು ದಾನವೆನಿಸದು. ಪಂದ್ಯಾವಳಿಯಲ್ಲಂತೂ ಅದು ಬೇರೆ ಮೇಜಿನಲ್ಲಿ ನ್ಯಾಯವಾಗಿ ಆಡುತ್ತಿರುವ ಮೂರನೆಯವನ ಪಾಲನ್ನು ಕಸಿದಂತೆ. ಇಬ್ಬರು ಮೊದಲೇ ಮಾತಾಡಿಕೊಂಡು ಮಾಡುವ ಡ್ರಾ ಇದಕ್ಕಿಂತಲೂ ಕೆಟ್ಟದ್ದು. ಇಬ್ಬರು ವರ್ತಕರು ಒಳಗೊಳಗೇ ದರವನ್ನು ಗೊತ್ತುಮಾಡಿಕೊಂಡು ಗಿರಾಕಿಗೆ ವಂಚಿಸಿದರೆ ಅದನ್ನು ಸ್ನೇಹವೆಂದು ಯಾರೂ ಹೊಗಳುವುದಿಲ್ಲ.

ಆದರೆ ನಿಲ್ಲಬೇಕಾದ ಕಡೆ ನಿಲ್ಲುವುದೂ ಪರಾಕ್ರಮವೇ. 2021ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕತಾರಿನ ಬರ್ಶಿಮ್ ಹಾಗೂ ಇಟಲಿಯ ತಂಬೇರಿ ಇಬ್ಬರೂ 2.37 ಮೀಟರ್ ಎತ್ತರವನ್ನು ಹಾರಿ, ಮುಂದಿನ ಎತ್ತರದಲ್ಲಿ ಇಬ್ಬರೂ ವಿಫಲರಾಗಿ ಸರಿಸಮನಾದರು. ಮತ್ತೊಂದು ಸುತ್ತಿಗೆ ಅವಕಾಶವಿದ್ದರೂ ಇಬ್ಬರೂ ಚಿನ್ನವನ್ನು ಹಂಚಿಕೊಳ್ಳಲು ಒಪ್ಪಿದರು. ಬಹಿರಂಗವಾಗಿ, ನಿಯಮದೊಳಗೆ, ಪೂರ್ಣ ಪರಿಶ್ರಮದ ಅನಂತರ ಆದ ಸಂಧಿಯಾದ್ದರಿಂದ ಜಗತ್ತು ಅದನ್ನು ಮೆಚ್ಚಿಕೊಂಡಿತು.

ನಮ್ಮ ಪುರಾಣದಲ್ಲಿ ಇದಕ್ಕಿಂತ ಮಿಗಿಲಾದ ನಿದರ್ಶನವಿದೆ. ಭರತ ಬಾಹುಬಲಿಗಳ ಸೇನೆಗಳು ಎದುರುಬದುರು ನಿಂತಾಗ ಮಂತ್ರಿಗಳು ನಿರಪರಾಧಿ ಸೈನಿಕರ ಹತ್ಯೆಯನ್ನು ತಪ್ಪಿಸಲು ಸೋದರರಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಬಲಾಬಲವನ್ನು ನಿರ್ಣಯಿಸಿಕೊಳ್ಳಲೆಂದು ಬಿನ್ನವಿಸಿದರು. ಹಿಂಸೆಯನ್ನು ಆಟದ ಮಿತಿಯೊಳಕ್ಕೆ ತಂದು ಕಟ್ಟಿಹಾಕಿದ ಪ್ರಸಂಗವಿದು. ಮೂರರಲ್ಲಿಯೂ ಗೆದ್ದ ಬಾಹುಬಲಿಯು ಎತ್ತಿ ಹಿಡಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸಲಿಲ್ಲ. ಸೋತ ಭರತನು ನಿಯಮವನ್ನು ಮೀರಿ ಚಕ್ರವನ್ನು ಪ್ರಯೋಗಿಸಿದಾಗಲೂ ಅವನು ಪ್ರತೀಕಾರಕ್ಕೆ ಮುಂದಾಗದೆ ಗೆದ್ದ ರಾಜ್ಯವನ್ನೇ ತೊರೆದು ತಪಸ್ಸಿಗೆ ತೆರಳಿದನು. ಪಂಪನು ಕ್ರಿ.ಶ. 941ರಲ್ಲಿ ತನ್ನ ಆದಿಪುರಾಣದಲ್ಲಿ ಈ ಕಥೆಯನ್ನು ಕನ್ನಡಿಗರಿಗೆ ಕೊಟ್ಟನು. ಶ್ರವಣಬೆಳಗೊಳದ ಬೆಟ್ಟದ ಮೇಲೆ ಸಹಸ್ರ ವರ್ಷಗಳಿಂದ ಪೂಜೆಗೊಳ್ಳುತ್ತಿರುವುದು ಕೈಗೆ ಬಂದ ಗೆಲುವನ್ನು ಬಿಟ್ಟುಕೊಟ್ಟವನ ಮೂರ್ತಿ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ಆನ್‌ಲೈನ್ ಆಟದಲ್ಲಿ ಇನ್ನೊಂದು ಗಂಭೀರ ವಿಷಯವಿದೆ. ಮಣೆಯ ಆಚೆ ಕುಳಿತವನ ಮುಖವು ಕಾಣದು. ಅವನು ಬಾಲಕನೋ ವೃದ್ಧನೋ, ರೋಗಶಯ್ಯೆಯಲ್ಲಿದ್ದು ಕಾಲ ಕಳೆಯುತ್ತಿರುವವನೋ ಗೊತ್ತಾಗದು. ಅವನ ಹೆಸರೂ ನಿಜವಾದುದಲ್ಲ. ಕ್ಷಮಾವಾಣಿಯ ದಿನ ನಾವು ನೆರೆಹೊರೆಯವರಿಗೆ, ಬಂಧುಗಳಿಗೆ, ಗಿರಾಕಿಗಳಿಗೆ ಉತ್ತಮ ಕ್ಷಮಾ ಎಂದೋ ಮಿಚ್ಛಾಮಿ ದುಕ್ಕಡಂ ಎಂದೋ ಕೈಮುಗಿಯುತ್ತೇವೆ. ಆದರೆ ಸಂವತ್ಸರದುದ್ದಕ್ಕೂ ಈ ಅಜ್ಞಾತ ಎದುರಾಳಿಗಳ ಮನಸ್ಸನ್ನು ನೋಯಿಸಿದವನು ಯಾರ ಬಳಿಗೆ ಹೋಗಿ ಕ್ಷಮೆ ಕೇಳಬೇಕು? ಆಟ ಮುಗಿದೊಡನೆ ಅವನು ಕೋಟ್ಯಂತರ ಜನರೊಳಗೆ ಮರೆಯಾಗಿರುತ್ತಾನೆ. ಕ್ಷಮೆ ಕೇಳಲು ಸಾಧ್ಯವಿಲ್ಲದ ಕಡೆ ನೋಯಿಸದೆ ಇರುವುದೊಂದೇ ದಾರಿ. ಕಾಣುವವರಿಗೆ ಅಂಜಿ ತೋರುವ ಸೌಜನ್ಯವು ಲೋಕಾಚಾರ ಮಾತ್ರ. ಕಾಣದವನಿಗೂ ತೋರುವ ಸೌಜನ್ಯವೇ ಧರ್ಮ.

ಆದುದರಿಂದ ಮಕ್ಕಳು ಮೊಬೈಲಿನಲ್ಲಿ ಚದುರಂಗವಾಡುವುದನ್ನು ಹಿರಿಯರು ಸಾರಾಸಗಟಾಗಿ ನಿಷೇಧಿಸಬೇಕಾಗಿಲ್ಲ. ಪಣವಿಟ್ಟು ಆಡುವ ಆಟವು ಬೇರೆ ಮಾತು. ಅದು ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತವೇ ಸರಿ, ಸರ್ವಥಾ ತ್ಯಾಜ್ಯ. ಪಣವಿಲ್ಲದ ಆಟದಲ್ಲಿ ಕೆಲವು ಸಣ್ಣ ವ್ರತಗಳನ್ನು ಮಕ್ಕಳಿಗೆ ಕಲಿಸಬಹುದು. ಮಣೆಯು ನಿಜವಾಗಿ ಸಮವಾಗಿದ್ದಾಗ ಮಾತ್ರ ಡ್ರಾ ಕೇಳಬೇಕು. ಎದುರಾಳಿಯು ಒಮ್ಮೆ ಒಲ್ಲೆನೆಂದರೆ ಸ್ಥಿತಿಯು ಬದಲಾಗದೆ ಮತ್ತೆ ಕೇಳಕೂಡದು. ಸೋತಾಗ ಓಡಿಹೋಗದೆ ಸೋಲನ್ನು ಒಪ್ಪಬೇಕು. ಇನ್ನೊಬ್ಬರ ಅಥವಾ ಯಂತ್ರದ ಬುದ್ಧಿಯನ್ನು ತನ್ನದೆಂದು ಮಾರಬಾರದು. ಆಟ ಮುಗಿದ ಮೇಲೆ ಒಂದು ಕ್ಷಣ ಕಣ್ಣು ಮುಚ್ಚಿ ಗೆದ್ದುದೇನು, ಸೋತುದೇನು ಎಂದು ಒಳಗೆ ನೋಡಿಕೊಳ್ಳಬೇಕು. ಇದೇ ಆಟದ ಪ್ರತಿಕ್ರಮಣ.

ರೇಟಿಂಗು ಇಂದು ಏರುತ್ತದೆ, ನಾಳೆ ಇಳಿಯುತ್ತದೆ. ಭಾವದಲ್ಲಿ ಗಳಿಸಿದ ಶುದ್ಧಿಯು ಆತ್ಮನೊಡನೆ ಬರುತ್ತದೆ. ಜಿನ ಎಂಬ ಶಬ್ದಕ್ಕೆ ಗೆದ್ದವನು ಎಂದೇ ಅರ್ಥ. ಆದರೆ ಅವನು ಗೆದ್ದುದು ತನ್ನನ್ನೇ. ಆ ಗೆಲುವಿನ ಹಾದಿಯಲ್ಲಿ ನಮ್ಮ ಎಳೆಯರು ಒಂದೊಂದು ನಡೆಯನ್ನು ಮುಂದಿಡಲಿ, ಪ್ರತಿಯೊಂದು ಮನೆಯಲ್ಲಿಯೂ ಸಮಭಾವವು ನೆಲೆಸಲಿ.

ಜೈ ಜಿನೇಂದ್ರ.