ಒಪ್ಪವೂ ಮರೆಯೂ

ವಸ್ತುವಿನ ಹೊರಮೈಯನ್ನು ತಿಕ್ಕಿ ಹೊಳೆಯುವಂತೆ ಮಾಡುವದು ಸದ್ಗುಣವೋ, ದೌರ್ಬಲ್ಯವೋ? ಪ್ರಶ್ನೆಯು ಮೇಲ್ನೋಟಕ್ಕೆ ಕ್ಷುಲ್ಲಕವಾಗಿ ತೋರಬಹುದು. ಆದರೆ ನಿತ್ಯಜೀವನದ ನೈತಿಕ ಸಮಸ್ಯೆಗಳಲ್ಲಿ ಬಹಳಷ್ಟು ದೊಡ್ಡ ಹೆಸರನ್ನು ಹೊತ್ತು ನಮ್ಮ ಬಾಗಿಲಿಗೆ ಬರುವದಿಲ್ಲ. ಸಣ್ಣ ಕೆಲಸಗಳ ರೂಪದಲ್ಲಿಯೇ ಬರುತ್ತವೆ. ಗದಗ-ಬೆಟಗೇರಿಯಲ್ಲಿಯಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿಯಾಗಲಿ ಈಗ ಅನೇಕ ಮನೆಗಳ ಮುಂದೆ ಮೋಟಾರು ಕಾರು ನಿಂತಿರುತ್ತದೆ. ಬಿಡುವಿನ ದಿನ ಮನೆಯ ಯಜಮಾನನೋ, ಮಗನೋ, ಮಗಳೋ ಅದನ್ನು ತೊಳೆದು, ನೆರಳಿಗೆ ನಿಲ್ಲಿಸಿ, ಬಣ್ಣಕ್ಕೆ ಪಾಲಿಶು ತಿಕ್ಕಿ, ಅದರ ಮೇಲೆ ಸೀಲಂಟು ಎಂಬ ಲೇಪವನ್ನು ಹಚ್ಚುವದುಂಟು. ಅರ್ಧ ದಿನವನ್ನು ನುಂಗುವ ಈ ಕೆಲಸದ ಮೇಲೆ ವಿಚಾರವಂತರು ಮೂರು ಆಕ್ಷೇಪಗಳನ್ನು ತರಬಹುದು. ಇದು ತಿರುಳನ್ನು ಬಿಟ್ಟು ತೊಗಟೆಯನ್ನು ಪೂಜಿಸುವದು ಎಂಬದು ಮೊದಲನೆಯದು. ಹಳೆಯದನ್ನು ಹೊಸದೆಂದು ತೋರಿಸುವ ಕಪಟವಿದು ಎಂಬದು ಎರಡನೆಯದು. ಕುಡಿಯುವ ನೀರಿಗೆ ಪಾಳಿ ಕಾಯುವ ಊರಲ್ಲಿ ಇದು ಅನ್ಯಾಯ ಎಂಬದು ಮೂರನೆಯದು. ಮೂರರಲ್ಲಿಯೂ ಸತ್ಯಾಂಶವಿದೆ, ಯಾವದೂ ಪೂರ್ಣ ಸತ್ಯವಲ್ಲ. ಇದನ್ನು ಪರಾಮರ್ಶಿಸುವದೇ ಈ ಲೇಖನದ ಉದ್ದೇಶ.

ಮೊದಲು ಕೆಲಸದ ಸ್ವರೂಪವನ್ನು ತಿಳಿಯಬೇಕು. ತಿಳಿಯದೆ ಹೊಗಳುವದೂ ತೆಗಳುವದೂ ಒಂದೇ. ಇಂದಿನ ಕಾರಿನ ತಗಡಿನ ಮೇಲೆ ಒಂದೇ ಬಣ್ಣವಿರುವದಿಲ್ಲ. ತಗಡಿಗೆ ಹತ್ತಿ ತುಕ್ಕನ್ನು ತಡೆಯುವ ತಳಲೇಪ, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ನೀರಿನಂತೆ ತಿಳಿಯಾದ ಪಾರದರ್ಶಕ ಲೇಪ, ಹೀಗೆ ಪದರಗಳಿರುತ್ತವೆ. ಎಲ್ಲ ಪದರಗಳೂ ಕೂಡಿದರೆ ಸುಮಾರು ೧೦೦ರಿಂದ ೧೫೦ ಮೈಕ್ರಾನು. ಅಂದರೆ ಒಂದು ಮಿಲಿಮೀಟರಿನ ಆರನೆಯ ಒಂದು ಭಾಗವೂ ಪೂರ್ತಿ ಆಗಲಿಕ್ಕಿಲ್ಲ. ಅದರಲ್ಲಿ ಮೇಲಿನ ಪಾರದರ್ಶಕ ಪದರವು ಬಹುತರವಾಗಿ ೫೦ ಮೈಕ್ರಾನಿನ ಒಳಗಿನದು. ನಮ್ಮ ತಲೆಗೂದಲಿನ ದಪ್ಪವೂ ಅದಕ್ಕಿಲ್ಲ. ಬಿಸಿಲು, ಧೂಳು, ಹಕ್ಕಿಯ ಹಿಕ್ಕೆ, ಮಳೆಹನಿಯ ಸುಣ್ಣದ ಕಲೆ, ಇವೆಲ್ಲವನ್ನೂ ತಾಳಿಕೊಳ್ಳಬೇಕಾದದ್ದು ಆ ಕೂದಲೆಳೆಗಿಂತ ತೆಳುವಾದ ಪದರವೇ.

ಪಾಲಿಶು ಎಂಬದು ಆ ಪದರಕ್ಕೆ ಏನನ್ನೋ ಸೇರಿಸುತ್ತದೆಂದು ಬಹುಜನರ ತಿಳುವಳಿಕೆ. ವಾಸ್ತವದಲ್ಲಿ ಅದು ತೆಗೆಯುತ್ತದೆ. ಪಾಲಿಶಿನಲ್ಲಿ ಅತಿ ಸೂಕ್ಷ್ಮವಾದ ಸಾಣೆಪುಡಿ ಇರುತ್ತದೆ. ಗೀರು ಬಿದ್ದ ಸ್ಥಳದಲ್ಲಿ ಸುತ್ತಲಿನ ಪದರವನ್ನು ಅದು ತುಸು ಸವೆಯಿಸಿ ಗೀರಿನ ತಳಕ್ಕೆ ಸಮನಾಗಿ ತರುತ್ತದೆ. ಮೈ ಸಮವಾದೊಡನೆ ಬೆಳಕು ಚದರದೆ ಹಿಂದಿರುಗುತ್ತದೆ. ನಾವು ಅದನ್ನೇ ಹೊಳಪು ಎನ್ನುತ್ತೇವೆ. ಹೀಗಾಗಿ ಪ್ರತಿಯೊಂದು ಪಾಲಿಶೂ ಒಂದು ಸವೆತ. ಹೊಳಪಿನ ಆಶೆಯಿಂದ ತಿಂಗಳಿಗೊಮ್ಮೆ ಪಾಲಿಶು ತಿಕ್ಕುವವನು ತಾನು ಪ್ರೀತಿಸುವದನ್ನೇ ತೆಳ್ಳಗೆ ಮಾಡುತ್ತ ಹೋಗುತ್ತಾನೆ. ಸೀಲಂಟಾದರೋ ಇದಕ್ಕೆ ವಿರುದ್ಧ. ಅದು ಏನನ್ನೂ ತೆಗೆಯುವದಿಲ್ಲ. ಬಣ್ಣಕ್ಕೂ ಬಿಸಿಲಿಗೂ ನಡುವೆ ಒಂದು ತೆಳುಪದರವಾಗಿ ನಿಂತು, ತಾನು ಸವೆದು ಬಣ್ಣವನ್ನು ಉಳಿಸುತ್ತದೆ. ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಯ ಎಲೆಗಳಿಂದ ತೆಗೆಯುವ ಕಾರ್ನೌಬಾ ಮೇಣವು ಕೆಲವು ವಾರಗಳ ವರೆಗೆ ಈ ಕೆಲಸ ಮಾಡಿದರೆ, ರಾಸಾಯನಿಕ ಸೀಲಂಟುಗಳು ಕೆಲವು ತಿಂಗಳುಗಳ ವರೆಗೆ ಮಾಡುತ್ತವೆ. ಇವೆರಡಲ್ಲದೆ ಮೂರನೆಯ ಬಗೆಯ ಪದಾರ್ಥವೂ ಪೇಟೆಯಲ್ಲುಂಟು. ಅದು ಗೀರನ್ನು ಸವೆಯಿಸುವದೂ ಇಲ್ಲ, ಮೈಯನ್ನು ಬಹಳ ಕಾಲ ಕಾಯುವದೂ ಇಲ್ಲ. ಗೀರಿನೊಳಗೆ ತುಂಬಿಕೊಂಡು ಅದನ್ನು ಕಣ್ಣಿಗೆ ಕಾಣದಂತೆ ಮಾಡುತ್ತದೆ. ನಾಲ್ಕಾರು ಸಲ ತೊಳೆದರೆ ತುಂಬಿದ್ದು ಕಳಚಿ, ಗೀರು ಮೊದಲಿನಂತೆ ಮೊಗ ತೋರಿಸುತ್ತದೆ.

ಮೊದಲನೆಯದನ್ನು ಒಪ್ಪವೆಂದೂ, ಎರಡನೆಯದನ್ನು ಕಾಪೆಂದೂ, ಮೂರನೆಯದನ್ನು ಮರೆಯೆಂದೂ ಕರೆಯೋಣ. ಕಣ್ಣಿಗೆ ಮೂರರ ಫಲವೂ ಒಂದೇ ಹೊಳಪು. ಆದರೆ ನೀತಿಯ ದೃಷ್ಟಿಗೆ ಮೂರೂ ಬೇರೆ. ನಮ್ಮ ಆಕ್ಷೇಪಕರು ಇವನ್ನು ಒಂದಾಗಿ ಕಂಡದ್ದರಿಂದಲೇ ವಾದವು ಗೊಂದಲಕ್ಕೆ ಬೀಳುವದು.

ತೊಗಟೆಯ ಪೂಜೆಯೆಂಬ ಆಕ್ಷೇಪವನ್ನು ಮೊದಲು ನೋಡೋಣ. ತಿರುಳೆಂಬ ಮಾತಿಗೆ ನಮ್ಮ ಈ ಸೀಮೆಯಲ್ಲಿ ವಿಶೇಷವಾದ ಗೌರವವಿದೆ. ಇಂದಿನ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ೧೦ನೆಯ ಶತಮಾನದ ಪಂಪನು ತನ್ನ ಭಾರತದ ಭಾಷೆಯು ಪುಲಿಗೆರೆಯ ತಿರುಳುಗನ್ನಡವೆಂದು ಹೇಳಿಕೊಂಡನು. ಅಂಥ ನಾಡಿನವರು ತಿರುಳನ್ನು ಮರೆತು ಹೊರಮೈಗೆ ಮರುಳಾದರೆ ನಾಚಿಕೆಗೇಡೆಂಬದು ನಿಜ. ಆದರೆ ಪಂಪನು ತಿರುಳನ್ನು ಆರಿಸಿಕೊಂಡನೆಂದು ಅದಕ್ಕೆ ಒಪ್ಪ ಕೊಡದೆ ಬಿಟ್ಟನೇ? ಒಪ್ಪವೆಂಬ ಶಬ್ದವೇ ವಿಚಾರಣೀಯವಾದದ್ದು. ಕನ್ನಡದಲ್ಲಿ ಒಪ್ಪವೆಂದರೆ ಹೊಳಪು, ಅಂದ, ಒಪ್ಪುವದೆಂದರೆ ತಕ್ಕುದಾಗಿರುವದು, ಅದರಿಂದಲೇ ಒಪ್ಪಿಗೆ. ಹೊಳೆಯುವದೂ, ತಕ್ಕುದಾಗಿರುವದೂ, ಸಮ್ಮತವಾಗುವದೂ ನಮ್ಮ ನುಡಿಯಲ್ಲಿ ಒಂದೇ ಮೂಲದ ಮಾತುಗಳು. ಒಳಗಿದ್ದುದಕ್ಕೆ ತಕ್ಕುದಾದ ಹೊಳಪೇ ಒಪ್ಪ; ತಕ್ಕುದಲ್ಲದ್ದು ಬರಿ ಥಳಕು.

ಗದಗಿಗೆ ಹತ್ತು-ಹನ್ನೆರಡು ಕಿಲೋಮೀಟರು ದೂರದ ಲಕ್ಕುಂಡಿಗೆ ಹೋದವರು ಇದನ್ನು ಕಲ್ಲಿನಲ್ಲಿಯೇ ಕಾಣಬಹುದು. ದಾನಚಿಂತಾಮಣಿ ಅತ್ತಿಮಬ್ಬೆಯು ೧೦೦೭ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ ಅಲ್ಲಿದೆ; ಚಾಲುಕ್ಯರ ಕಾಲದ ಶಿವಾಲಯಗಳೂ ಇವೆ. ಬಳಪದ ಕಲ್ಲನ್ನು ಕಡೆದು, ಉಜ್ಜಿ ಮಾಡಿದ ಅಲ್ಲಿನ ಕಂಬಗಳ ನುಣುಪು ಒಂಬತ್ತು ಶತಮಾನಗಳ ನಂತರವೂ ಕೈಗೆ ಹತ್ತುತ್ತದೆ. ಗದಗಿನ ತ್ರಿಕೂಟೇಶ್ವರದ ಆವರಣದಲ್ಲಿಯ ಸರಸ್ವತೀ ಗುಡಿಯ ಕಂಬಗಳೂ ಅದೇ ಮನೆತನದವು. ಅಲ್ಲಿ ಮೇಲೆ ಬಳಿದದ್ದು ಏನೂ ಇಲ್ಲ, ಕಲ್ಲೇ ಒಪ್ಪವಾಗಿದೆ. ಶಿಲ್ಪಿಯು ಹೊರಮೈಯನ್ನು ಉಜ್ಜಿದ್ದು ಒಳಗಿನ ಕಲ್ಲನ್ನು ಮುಚ್ಚಲಿಕ್ಕಲ್ಲ, ಅದರ ಗುಣವನ್ನು ಹೊರಗೆ ತರಲಿಕ್ಕೆ. ಹೊರಮೈಗೆ ಕೈಹಚ್ಚುವದೆಲ್ಲ ತಿರುಳಿಗೆ ದ್ರೋಹವೆಂಬ ಮಾತು ಹೀಗೆ ನಿಲ್ಲದು.

ಕಾರು ಕಲ್ಲಲ್ಲವೆಂಬದು ಸರಿಯೇ. ಆದರೆ ಕಾರಿನಲ್ಲಿಯಂತೂ ತೊಗಟೆಯೇ ತಿರುಳಿನ ಕಾವಲು. ತಗಡಿಗೆ ತುಕ್ಕು ಹತ್ತುವದು ಬಣ್ಣವು ಒಡೆದ ಸ್ಥಳದಲ್ಲಿಯೇ. ಹೊರಮೈಯನ್ನು ಕಡೆಗಣಿಸಿದವನು ಕೆಲವು ವರ್ಷಗಳಲ್ಲಿ ಒಳಗನ್ನೂ ಕಳಕೊಳ್ಳುತ್ತಾನೆ. ನಮ್ಮ ಒಕ್ಕಲಿಗರು ಇದನ್ನು ಬಹುಕಾಲದಿಂದ ಬಲ್ಲರು. ಕಾರ ಹುಣ್ಣಿಮೆಗೆ ಎತ್ತುಗಳ ಮೈ ತೊಳೆದು, ಕೋಡು ಹೆರೆದು, ಬಣ್ಣ ಹಚ್ಚುವ ರೂಢಿಯು ಉತ್ತರ ಕರ್ನಾಟಕದ ಊರೂರಲ್ಲಿದೆ. ಅದನ್ನು ಯಾರೂ ಎತ್ತಿನ ಬಡಿವಾರವೆನ್ನುವದಿಲ್ಲ. ವರ್ಷವಿಡೀ ಹೊಲದಲ್ಲಿ ದುಡಿದ ಜೀವಕ್ಕೆ ಸಲ್ಲಿಸುವ ಮನ್ನಣೆಯೆಂದೇ ತಿಳಿಯುತ್ತಾರೆ. ಆದರೆ ಕೋಡಿಗೆ ಬಣ್ಣ ಹಚ್ಚಿ ಹೊಟ್ಟೆಗೆ ಮೇವು ಹಾಕದವನನ್ನು ಆ ಊರೇ ನಗುತ್ತದೆ. ಎಂಜಿನ್ನಿನ ಎಣ್ಣೆಯನ್ನು ಕಾಲಕ್ಕೆ ಬದಲಿಸದೆ, ತಡೆಗಳನ್ನು ಪರೀಕ್ಷಿಸದೆ, ಮೇಲಿನ ಹೊಳಪಿನಲ್ಲಿಯೇ ಮಗ್ನನಾದವನಿಗೂ ಆ ನಗೆಯು ಸಲ್ಲುತ್ತದೆ. ಮೊದಲನೆಯ ಆಕ್ಷೇಪದ ಸತ್ಯಾಂಶವು ಇಷ್ಟೇ.

ಇಲ್ಲಿ ಇನ್ನೊಂದು ಮಾತನ್ನು ಹೇಳುವದು ಅವಶ್ಯ. ಪ್ರೀತಿಯೊಂದೇ ಸಾಲದು, ಅದಕ್ಕೆ ತಿಳುವಳಿಕೆಯ ಜೊತೆಯಿರಬೇಕು. ಎರೆಭೂಮಿಯ ಕರಿಧೂಳೂ, ಕಪ್ಪತಗುಡ್ಡದ ಸೆರಗಿನ ಕೆಮ್ಮಣ್ಣಿನ ಧೂಳೂ ನಮ್ಮ ಊರುಗಳ ಗಾಳಿಯಲ್ಲಿ ತುಂಬಿವೆ. ಪ್ರತಿ ಮುಂಜಾನೆ ಒಣ ಬಟ್ಟೆಯಿಂದ ಕಾರನ್ನು ಒರಸುವದು ಅಚ್ಚುಕಟ್ಟಿನ ಲಕ್ಷಣವೆಂದು ಎಷ್ಟೋ ಮನೆಗಳಲ್ಲಿ ಎಣಿಕೆ. ಆದರೆ ಧೂಳಿನಲ್ಲಿಯ ಮರಳಿನ ಕಣಗಳು ಆ ಪಾರದರ್ಶಕ ಪದರಕ್ಕಿಂತ ಬಹಳ ಗಡಸು. ಒಣ ಬಟ್ಟೆಯು ಅವುಗಳನ್ನು ಹಿಡಿದು ಬಣ್ಣದ ಮೇಲೆ ಎಳೆದಾಡುತ್ತದೆ. ಬಿಸಿಲಿಗೆ ಹಿಡಿದು ನೋಡಿದರೆ ಜೇಡರ ಬಲೆಯಂಥ ಗೀರುಗಳು ಕಾಣುವದು ಇದರಿಂದಲೇ. ಧೂಳನ್ನು ನೀರಿನಿಂದ ಸಡಿಲಿಸಿ, ಮೆತ್ತನೆಯ ಬಟ್ಟೆಯಿಂದ ಒತ್ತದೆ ತೆಗೆದು, ನೆರಳಿನಲ್ಲಿ ತಗಡು ತಣ್ಣಗಿರುವಾಗ ಸೀಲಂಟನ್ನು ತೆಳ್ಳಗೆ ಹಚ್ಚುವದು ಶಾಸ್ತ್ರ. ದಪ್ಪಗೆ ಹಚ್ಚಿದರೆ ಹೆಚ್ಚು ಕಾಪಾಗುವದೆಂಬದೂ ಭ್ರಮೆ. ಹೆಚ್ಚಾದದ್ದೆಲ್ಲ ಒರಸುವ ಬಟ್ಟೆಗೆ ಹೋಗುತ್ತದೆ. ಮಕ್ಕಳನ್ನು ಬೆಳೆಸುವದರಿಂದ ಹಿಡಿದು ಸಂಸ್ಥೆಗಳನ್ನು ನಡೆಸುವ ವರೆಗೆ, ಅರಿವಿಲ್ಲದ ಅಕ್ಕರೆಯು ಮಾಡುವ ಹಾನಿಯು ಎಲ್ಲ ಕಡೆಗೂ ಇದೇ ತೆರನಾದದ್ದು.

ಎರಡನೆಯ ಆಕ್ಷೇಪವು ಇದಕ್ಕಿಂತ ತೂಕವಾದದ್ದು. ಕಾರನ್ನು ಮಾರುವ ಮೊದಲು ಒಪ್ಪ ಹಾಕುವದು ನ್ಯಾಯವೇ? ೧೮೭೨ರ ಭಾರತೀಯ ಕರಾರು ಕಾಯದೆಯ ೧೭ನೆಯ ಕಲಮು ಇಲ್ಲಿ ಒಂದು ಗೆರೆಯನ್ನು ಎಳೆಯುತ್ತದೆ. ತನಗೆ ತಿಳಿದ ಸಂಗತಿಯನ್ನು ಇದಿರಿನವನನ್ನು ಮೋಸಗೊಳಿಸುವ ಸಲುವಾಗಿ ಬೇಕೆಂದೇ ಮುಚ್ಚಿಡುವ ಕ್ರಿಯೆಯು ಅದರ ಪ್ರಕಾರ ವಂಚನೆ. ಬರಿಯ ಮೌನವು ಸಾಮಾನ್ಯವಾಗಿ ವಂಚನೆಯಲ್ಲ. ಮಾತಾಡಬೇಕಾದ ಹೊಣೆಯಿದ್ದಲ್ಲಿ, ಇಲ್ಲವೇ ಮೌನವೇ ಮಾತಿಗೆ ಸಮನಾದಲ್ಲಿ ಮಾತ್ರ ಅದು ವಂಚನೆಯಾಗುತ್ತದೆ. ಕೊಳ್ಳುವವನು ತನ್ನ ಕಣ್ಣನ್ನು ತಾನೇ ತೆರೆದಿಟ್ಟುಕೊಳ್ಳಬೇಕೆಂಬದು ೧೯೩೦ರ ಸರಕು ಮಾರಾಟ ಕಾಯದೆಯ ಮೂಲಭಾವನೆ, ಅದಕ್ಕೂ ಅಪವಾದಗಳುಂಟು. ದನದ ಸಂತೆಯ ನೀತಿಯೂ ಇದೇ. ಮಾರುವವನು ಎತ್ತಿನ ಮೈ ತಿಕ್ಕಿ ತರುತ್ತಾನೆ. ಕೊಳ್ಳುವವನು ಮೈಯನ್ನು ನೋಡಿ ಮೆಚ್ಚಿದರೂ ಬಾಯಿ ತೆರೆಯಿಸಿ ಹಲ್ಲು ಎಣಿಸದೆ ಬೆಲೆ ಹೇಳುವದಿಲ್ಲ.

ಕಾಯದೆಯ ಗೆರೆಯು ಉಪಯುಕ್ತವಾದದ್ದೇ; ಆದರೆ ಮನೆವಂತನ ಮನಸ್ಸಾಕ್ಷಿಯು ಅಷ್ಟಕ್ಕೇ ನಿಲ್ಲಲಾರದು. ತೊಳೆದು ಒಪ್ಪ ಹಾಕಿದ ಕಾರನ್ನು ಮಾರುವದರಲ್ಲಿ ದೋಷವಿಲ್ಲ. ಬಂದ ಬೀಗರ ಇದಿರಿಗೆ ಮನೆಯನ್ನು ಸಾರಿಸಿ ಗುಡಿಸಿ ಇಡುವಂತೆಯೇ ಅದು. ಗೀರನ್ನು ಸವೆಯಿಸಿ ತೆಗೆದದ್ದಾದರೆ ಗೀರು ಹೋಯಿತು. ಕೊಳ್ಳುವವನು ಕಂಡದ್ದನ್ನೇ ಪಡೆಯುತ್ತಾನೆ. ಆದರೆ ಗೀರಿನಲ್ಲಿ ತುಂಬಿ, ಅಪಘಾತದಲ್ಲಿ ನಜ್ಜುಗುಜ್ಜಾದ ಬಾಗಿಲಿಗೆ ಪುಟ್ಟಿ ಮೆತ್ತಿ, ಮೇಲೆ ಹೊಳಪು ಕೊಟ್ಟು, “ಹೇಗಿದೆಯೋ ನೋಡಿಕೊಳ್ಳಿರಿ” ಎಂದು ಸುಮ್ಮನಾಗುವವನು ಕೋರ್ಟಿನಲ್ಲಿ ಒಂದು ವೇಳೆ ಪಾರಾದರೂ ತನ್ನ ಮುಂದೆ ತಾನು ಪಾರಾಗನು. ಏಕೆಂದರೆ ಅವನು ಆ ಲೇಪವನ್ನು ಹಚ್ಚಿದ್ದು ಬಿಸಿಲಿಗೆ ಇದಿರಾಗಿ ಅಲ್ಲ, ಇನ್ನೊಬ್ಬ ಮನುಷ್ಯನ ಕಣ್ಣಿಗೆ ಇದಿರಾಗಿ. ಮೇಲೆ ಥಳಕು, ಒಳಗೆ ಹುಳುಕು ಎಂಬ ನಮ್ಮ ಗಾದೆಯು ಥಳಕನ್ನು ಹಳಿಯುವದಿಲ್ಲ. ಹುಳುಕಿನ ಮೇಲೆ ಕೂತ ಥಳಕನ್ನು ಹಳಿಯುತ್ತದೆ. ಅಂಥವನು ಮಾಡಬೇಕಾದದ್ದು ಬಹಳವಿಲ್ಲ: ಬಾಗಿಲನ್ನು ತೋರಿಸಿ, ಇದು ಇಂಥ ವರ್ಷ ಪೆಟ್ಟು ತಿಂದದ್ದು ಎಂದು ಒಂದು ಮಾತು ಹೇಳುವದು. ಆ ಮಾತಿನಿಂದ ಬೆಲೆಯು ಕೆಲವು ಸಾವಿರ ಇಳಿಯಬಹುದು. ಪ್ರಾಮಾಣಿಕತೆಗೆ ಬೆಲೆ ತೆರಬೇಕಾಗುವದು ಬಹುತರ ಇಂಥ ಸಣ್ಣ ಹೊತ್ತಿನಲ್ಲಿಯೇ.

ಮೂರನೆಯ ಆಕ್ಷೇಪವು ನೀರಿನದು. ಗದಗ-ಬೆಟಗೇರಿಗೆ ನೀರು ಬರುವದು ಮುಂಡರಗಿ ತಾಲೂಕಿನ ಹಮ್ಮಿಗಿಯ ಬಳಿ ತಡೆದ ತುಂಗಭದ್ರೆಯಿಂದ. ಬೇಸಿಗೆಯಲ್ಲಿ ನಳದ ಪಾಳಿಗಾಗಿ ದಿನಗಟ್ಟಲೆ ಕಾಯುವದು ಇಲ್ಲಿಯ ಮನೆಗಳಿಗೆ ಹೊಸದಲ್ಲ. ನೆರೆಮನೆಯವರು ಕೊಡಗಳನ್ನು ಸಾಲಾಗಿಟ್ಟು ಕೂತಿರುವಾಗ ಕೊಳವೆ ಹಿಡಿದು ಕಾರಿಗೆ ನೀರು ಚಿಮ್ಮಿಸುವದು ನೋಡಲಿಕ್ಕೂ ಚೆನ್ನಾದುದಲ್ಲ. ೨೦೨೪ರ ಮಾರ್ಚದಲ್ಲಿ ಬೆಂಗಳೂರಿನ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವದನ್ನು ನಿಷೇಧಿಸಿ, ಮೀರಿದವರಿಗೆ ೫,೦೦೦ ರೂಪಾಯಿ ದಂಡವನ್ನು ಗೊತ್ತುಪಡಿಸಿತು. ದಂಡದ ಭಯವಿದ್ದಾಗ ಮಾಡುವದನ್ನು ಭಯವಿಲ್ಲದಾಗಲೂ ಮಾಡುವದೇ ಸುಸಂಸ್ಕೃತರ ಲಕ್ಷಣ. ಇಲ್ಲಿಯೂ ಕಾಪಿನ ವಿಚಾರವು ನಮ್ಮ ಸಹಾಯಕ್ಕೆ ಬರುತ್ತದೆ. ಸೀಲಂಟು ಹಚ್ಚಿದ ಮೈಗೆ ಧೂಳೂ ಕೆಸರೂ ಬಿಗಿಯಾಗಿ ಹತ್ತುವದಿಲ್ಲ. ಎರಡು ಬಕೀಟು ನೀರಿನಿಂದಲೇ ಕೆಲಸ ಸಾಗುತ್ತದೆ. ಆ ನೀರು ಬಟ್ಟೆ ಜಾಲಿಸಿದ ಕೊನೆಯ ನೀರಾದರೂ, ಹಿಂಡಿದ ಬಟ್ಟೆಯ ಮರಳು ಅದರಲ್ಲಿರದಿದ್ದರೆ, ನಡೆಯುತ್ತದೆ. ಪ್ರತಿದಿನ ತೊಳೆಯುವವನಿಗಿಂತ ವರ್ಷಕ್ಕೆರಡು ಸಲ ಶ್ರದ್ಧೆಯಿಂದ ಕಾಪು ಹಚ್ಚಿ, ಹದಿನೈದು ದಿನಕ್ಕೊಮ್ಮೆ ತೊಳೆಯುವವನು ನೆರೆಯವರಿಗೆ ಕಡಿಮೆ ಋಣಿ. ಬರಗಾಲದ ತಿಂಗಳಲ್ಲಿ ಕಾರಿನ ಮೈಮೇಲೆ ಧೂಳು ಕೂತಿದ್ದರೆ ಅದು ಮಾಲಕನಿಗೆ ಅಪಮಾನವಲ್ಲ. ನೆರೆಯವರ ಕೊಡ ತುಂಬಿದ ಮೇಲೆಯೇ ತನ್ನ ಕಾರಿನ ಪಾಳಿಯೆಂದು ತಿಳಿದವನ ಕಾರು ಅದು.

ಈ ಕೆಲಸವನ್ನು ಹಣ ಕೊಟ್ಟು ಮಾಡಿಸಬಹುದಲ್ಲ, ತಾನೇ ಏಕೆ ಮಾಡಬೇಕೆಂದು ಕೇಳಬಹುದು. ಮಾಡಿಸುವದರಲ್ಲಿ ತಪ್ಪಿಲ್ಲ, ಅದರಿಂದ ದುಡಿಯುವವರ ಹೊಟ್ಟೆ ತುಂಬುತ್ತದೆ. ಆದರೆ ಸ್ವಂತ ಕೈಯಿಂದ ಮಾಡಿದವನಿಗೆ ದೊರಕುವದು ಬೇರೊಂದುಂಟು. ಗೇಣುಗೇಣಾಗಿ ಕೈಯಾಡಿಸುತ್ತ ಹೋದಾಗ ಬಾಗಿಲ ಅಂಚಿನ ತುಕ್ಕು, ಕಲ್ಲು ಸಿಡಿದು ಬಿದ್ದ ಚುಕ್ಕೆ, ತಾನು ಯಾವಾಗಲೋ ಗೋಡೆಗೆ ತಾಗಿಸಿ ಮರೆತ ಗೀರು, ಎಲ್ಲವೂ ಬೆರಳಿಗೆ ಸಿಗುತ್ತವೆ. ದೂರದಿಂದ ಕಂಡ ಹೊಳಪು ಕಣ್ಣನ್ನು ಮೋಸಗೊಳಿಸಬಹುದು. ಬೆರಳನ್ನು ಮೋಸಗೊಳಿಸುವದು ಕಠಿಣ. ತನ್ನ ವಸ್ತುವಿನ ಗುಣದೋಷಗಳನ್ನು ಹೀಗೆ ಅರಿತವನು ಅದನ್ನು ಹೆಚ್ಚಾಗಿ ಹೊಗಳಿಕೊಳ್ಳುವದೂ ಇಲ್ಲ, ಮಾರುವಾಗ ಸುಳ್ಳಾಡಲಿಕ್ಕೆ ಸುಲಭವಾಗಿ ಬಗ್ಗುವದೂ ಇಲ್ಲ. ದೋಷವನ್ನು ಕಂಡವನಿಗೇ ಅದನ್ನು ತಿದ್ದುವ ಹಾದಿಯೂ, ಹೇಳುವ ಧೈರ್ಯವೂ ದೊರೆಯುತ್ತವೆ.

ಇಷ್ಟು ವಿಚಾರದಿಂದ ಒಂದು ಒರೆಗಲ್ಲು ನಮಗೆ ಸಿಕ್ಕಂತಾಯಿತು. ಯಾವದೇ ಲೇಪವನ್ನು ಕಂಡಾಗ, ಇದು ಏನನ್ನು ತಡೆಯಲಿಕ್ಕೆ ಹಚ್ಚಿದ್ದು ಎಂದು ಕೇಳಬೇಕು. ಬಿಸಿಲು, ಮಳೆ, ಧೂಳು, ತುಕ್ಕುಗಳನ್ನು ತಡೆಯುವದಾದರೆ ಅದು ಕಾಪು. ಅದನ್ನು ಹಚ್ಚುವದು ಕರ್ತವ್ಯವೇ. ಇನ್ನೊಬ್ಬರ ದೃಷ್ಟಿಯನ್ನು ತಡೆಯುವದಾದರೆ ಅದು ಮರೆ. ಅದು ಎಷ್ಟು ಚೆಲುವಾಗಿದ್ದರೂ ವರ್ಜ್ಯ. ಇದೇ ಪ್ರಶ್ನೆಯನ್ನು ಕಾರಿನ ಆಚೆಗೂ ಕೇಳಬಹುದು. ಅಧಿಕಾರಿಗಳು ಬರುವ ಮುನ್ನಾ ದಿನ ಅವರು ಹಾಯುವ ಬೀದಿಗೆ ಮಾತ್ರ ಡಾಂಬರು ಹಾಕಿದರೆ ಅದು ರಸ್ತೆಗೆ ಕಾಪೋ, ನೋಡುವವರಿಗೆ ಮರೆಯೋ? ಶಾಲೆಯ ವಾರ್ಷಿಕ ವರದಿಯ ಸುಂದರ ವಾಕ್ಯಗಳು ಮಕ್ಕಳ ಕಲಿಕೆಯನ್ನು ಕಾಯುತ್ತವೆಯೋ, ಅದರ ಕೊರತೆಯನ್ನು ಮುಚ್ಚುತ್ತವೆಯೋ? ಸೌಜನ್ಯದ ನಯವಾದ ಮಾತು ಸ್ನೇಹವನ್ನು ಒರಟಾಗದಂತೆ ಉಳಿಸುತ್ತದೆಯೋ, ಒಳಗಿನ ಕಹಿಯನ್ನು ಬಚ್ಚಿಡುತ್ತದೆಯೋ? ಉತ್ತರವು ಪ್ರತಿಯೊಂದು ಪ್ರಸಂಗದಲ್ಲಿಯೂ ಬೇರೆಯಾಗಬಹುದು, ಮತ್ತು ಅದನ್ನು ಕೊಡಬೇಕಾದವರು ಹೊರಗಿನ ನ್ಯಾಯಾಧೀಶರಲ್ಲ, ಲೇಪವನ್ನು ಹಚ್ಚಿದ ಕೈಯವರೇ. ಹೊಳೆಯುವದನ್ನೆಲ್ಲ ಶಂಕಿಸುವ ವೈರಾಗ್ಯವೂ ನಮಗೆ ಬೇಡ. ಹೊಳೆಯುವದಕ್ಕೆಲ್ಲ ಮರುಳಾಗುವ ಮೌಢ್ಯವೂ ಬೇಡ. ಇದ್ದುದನ್ನು ಕಾಯ್ದುಕೊಂಡು, ಇದ್ದಂತೆಯೇ ತೋರಿಸುವಷ್ಟು ಒಪ್ಪ ಇದ್ದರೆ ಮನೆಯ ಮುಂದಿನ ವಾಹನಕ್ಕೂ, ಮನೆಯೊಳಗಿನ ಬಾಳಿಗೂ ಸಾಕು.