ಅರವಟಿಗೆಯ ನೀರು

ಬೇಸಿಗೆಯ ಒಂದು ಮಧ್ಯಾಹ್ನ ರಟ್ಟೀಹಳ್ಳಿಯ ಕದಂಬೇಶ್ವರ ದೇವಾಲಯವನ್ನು ನೋಡಲು ಹೋಗಿದ್ದೆ. ಮೂರು ಗರ್ಭಗುಡಿಗಳ ಆ ಚಾಲುಕ್ಯ ಶೈಲಿಯ ಗುಡಿಯನ್ನು ಬಣ್ಣಿಸುವುದು ಈಗ ನನ್ನ ಉದ್ದೇಶವಲ್ಲ. ಕಣ್ಣು ತಣಿದಿತ್ತು, ಗಂಟಲು ಒಣಗಿತ್ತು. ಬಸ್ಸು ನಿಲ್ಲುವ ಕಡೆ ಚಪ್ಪರದಡಿಯಲ್ಲಿ ಎರಡು ಹರವಿಗಳನ್ನಿಟ್ಟುಕೊಂಡು ಮುದುಕಿಯೊಬ್ಬಳು ಕುಳಿತಿದ್ದಳು. ಹಮಾಲನೊಬ್ಬ ಕುಡಿದಿಟ್ಟ ಲೋಟವನ್ನೇ ತೊಳೆದು, ತುಂಬಿ, ಎರಡೂ ಕೈಗಳಿಂದ ನನ್ನತ್ತ ನೀಡಿದಳು.

“ಸಾವಕಾಶ ಕುಡೀರಿ ಯಪ್ಪಾ, ಬಿಸಲಾಗ ಬಂದೀರಿ.”

ಕುಡಿದವನೇ ಪಟ್ಟಣದ ಅಭ್ಯಾಸದಂತೆ ಜೇಬಿಗೆ ಕೈ ಹಾಕಿದೆ.

“ರೊಕ್ಕಾ ತಗೊಂಡ್ರ ಇದು ಅಂಗಡಿ ಆಗ್ತೈತ್ರೀ” ಎಂದು ನಕ್ಕಳು.

ನನಗೆ ನಾಚಿಕೆಯಾಯಿತು. ಆ ನಾಚಿಕೆ ಏತರದೆಂಬುದು ಆಗ ಹೊಳೆಯಲಿಲ್ಲ.

ಅದು ಶುಭ ಶುಕ್ರವಾರದ ವಾರವಾದುದರಿಂದಲೋ ಏನೋ, ಮನಸ್ಸು ಸುವಾರ್ತೆಗಳ ಕಡೆಗೆ ಹರಿಯಿತು. ಚಿಕ್ಕವರಲ್ಲಿ ಒಬ್ಬನಿಗೆ ಒಂದು ಲೋಟ ತಣ್ಣೀರು ಕೊಟ್ಟವನೂ ತನ್ನ ಫಲವನ್ನು ಕಳೆದುಕೊಳ್ಳುವುದಿಲ್ಲವೆಂದು ಮತ್ತಾಯನು ಬರೆದಿದ್ದಾನೆ. ದೇವಾಲಯದ ಪೆಟ್ಟಿಗೆಗೆ ಎರಡು ಪುಡಿಗಾಸು ಹಾಕಿದ ಬಡ ವಿಧವೆಯ ಕಥೆಯೂ ಪ್ರಸಿದ್ಧವೇ. ಅದನ್ನೋದಿದ ಕನ್ನಡಿಗನಿಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗದಿರಳು. ಕೊಡುವುದು ಚಿಕ್ಕದಾದರೂ ಮನಸ್ಸು ದೊಡ್ಡದಿರಲಿ ಎಂಬ ನೀತಿಯನ್ನು ಇವುಗಳಿಂದ ನಾವು ತೆಗೆಯುತ್ತೇವೆ. ನೀತಿ ಸುಳ್ಳಲ್ಲ, ಆದರೆ ಬಹಳ ಸುಲಭವಾದುದು. ಕೊಡುವವನನ್ನು ಅದು ಇದ್ದ ಎತ್ತರದಲ್ಲಿಯೇ ಬಿಡುತ್ತದೆ.

ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯ ಅಷ್ಟು ಸುಲಭವಲ್ಲ. ಕೊನೆಯ ರಾತ್ರಿ ಯೇಸು ಊಟದಿಂದೆದ್ದು, ಟೊಂಕಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆಯುತ್ತಾನೆ. ಧೂಳಿನ ಆ ನಾಡಿನಲ್ಲಿ ಅದು ಆಳಿನ ಕೆಲಸ. ಪೇತ್ರನು ಕಾಲನ್ನು ಕೊಡಲೊಲ್ಲ. ಗುರುಭಕ್ತಿಯಿಂದ ಎನ್ನೋಣ, ಆದರೆ ಸೇವೆ ಪಡೆಯುವುದರಲ್ಲಿಯೂ ಒಂದು ಇಳಿಯುವಿಕೆ ಇದೆ, ಅದು ಅವನಿಗೆ ಕಷ್ಟವಾಗಿತ್ತು. ಜೇಬಿಗೆ ಹೋದ ನನ್ನ ಕೈ ಬೇಡಿದ್ದೂ ಇದನ್ನೇ. ಋಣ ತೀರಿಸಿ ಮತ್ತೆ ನನ್ನ ಎತ್ತರಕ್ಕೆ ಏರಿಬಿಡಬೇಕಾಗಿತ್ತು.

ಹಾಗೆಂದು ನೀರು ಕೊಟ್ಟ ಮಾತ್ರಕ್ಕೆ ಸೇವೆಯಾಯಿತೆನ್ನಲೂ ಬಾರದು. ನಮ್ಮ ಊರುಗಳಲ್ಲಿಯೇ ಕೆಲವರಿಗೆ ಲೋಟವನ್ನು ಕೊಡದೆ, ಮೇಲಿನಿಂದ ಬೊಗಸೆಗೆ ನೀರು ಸುರಿಯುತ್ತಿದ್ದರು. ಬಾಯಾರಿಕೆ ನೀಗುತ್ತಿತ್ತು, ಪುಣ್ಯವೂ ಜಮೆಯಾಗುತ್ತಿತ್ತು. ಬೊಗಸೆಯೊಡ್ಡಿದವನಿಗೆ ನೀರಿನ ಜೊತೆಗೆ ಇನ್ನೇನು ಇಳಿಯುತ್ತಿತ್ತೆಂಬುದನ್ನು ಸುರಿದವರು ಕೇಳಲಿಲ್ಲ. ಅದೇ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ದಣಿದ ಯೇಸು ಬಾವಿಯ ಬಳಿ ಕುಳಿತು ಸಮಾರ್ಯದ ಹೆಂಗಸಿನಿಂದ ನೀರು ಕೇಳುತ್ತಾನೆ. ಯೆಹೂದ್ಯರು ಸಮಾರ್ಯದವರ ಪಾತ್ರೆ ಮುಟ್ಟುತ್ತಿರಲಿಲ್ಲ, ಆಕೆಗೆ ಆಶ್ಚರ್ಯ. ಕಾಲು ತೊಳೆದುದಕ್ಕಿಂತಲೂ ಈ ಕೇಳಿಕೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ನೀಡುವ ಹಿರಿಮೆಯನ್ನು ಅವನು ಆಕೆಗೆ ಬಿಟ್ಟುಕೊಟ್ಟ.

ನಮ್ಮ ಸೀಮೆಗೆ ಬಾಸೆಲ್ ಮಿಶನ್ನಿನವರು ಬಂದರು. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ. ಅವರ ಶಾಲೆ, ಮಗ್ಗ, ಹೆಂಚು, ಅಚ್ಚುಕೂಟ, 1894ರ ಕಿಟ್ಟೆಲ್ಲರ ನಿಘಂಟು ಇವೆಲ್ಲ ನಮಗೆ ನೆನಪಿವೆ. ಸಭೆಗೆ ಸೇರುವವರು ಜಾತಿಯನ್ನು ಬಿಡಬೇಕೆಂದು ಅವರು ಹಟ ಹಿಡಿದುದನ್ನು ಅಷ್ಟಾಗಿ ನೆನೆಯುವುದಿಲ್ಲ. ನಿನ್ನೆಯವರೆಗೆ ದೂರ ನಿಂತವನೊಡನೆ ಇಂದು ಒಂದೇ ಪಂಕ್ತಿಯಲ್ಲಿ ಕೂರುವುದು, ಅವನು ಮುಟ್ಟಿದ ಬಟ್ಟಲನ್ನು ಮುಟ್ಟುವುದು ಎಷ್ಟು ಚಿಕ್ಕ ಕೆಲಸ! ಶಾಲೆ ಕಟ್ಟಿಸುವುದು ಇದಕ್ಕಿಂತ ಸುಲಭವಿದ್ದೀತು. ಕ್ರೈಸ್ತರು ಈ ಪರೀಕ್ಷೆಯಲ್ಲಿ ಗೆದ್ದರೆಂದೂ ನಾನು ಹೇಳಲಾರೆ. ಭಾರತದ ಕೆಲವು ಚರ್ಚುಗಳಲ್ಲಿ ಜಾತಿಗೊಂದು ಸಾಲು, ಸತ್ತ ಮೇಲೂ ಜಾತಿಗೊಂದು ಮಸಣ ಇದ್ದುದುಂಟು.

ಒಂದು ಮಾತು ಬಿಟ್ಟುಹೋಯಿತು. ಬಸ್ಸು ಬರುವುದು ತಡವಾಗಿತ್ತು. ಹರವಿಯಲ್ಲಿ ನೀರು ತಳಮುಟ್ಟಿತ್ತು. ತುಂಬಿದ ಕೊಡವೊಂದು ಮೂಲೆಯಲ್ಲಿತ್ತು.

“ಯಪ್ಪಾ, ಅದನ್ನಷ್ಟ ಎತ್ತಿ ಇದರಾಗ ಸುರೀರಿ, ನನ್ನ ನಡಾ ಏಳವಲ್ದು” ಎಂದಳು ಮುದುಕಿ.

ಎತ್ತಿದೆ. ಅಭ್ಯಾಸವಿಲ್ಲದ ಕೈ, ಕಾಲುಭಾಗ ನೀರು ನನ್ನ ಕಾಲ ಮೇಲೆಯೇ ಬಿತ್ತು. ಅವಳು ಮತ್ತೆ ನಕ್ಕಳು. ಈ ಸಲ ನಾನೂ ನಕ್ಕೆ.